ಗರ್ಭಿಣಿಗೆ ಡಿವೋರ್ಸ್ ಯಾಕೆ ತಡ ಆಗುತ್ತೆ? 300 ದಿನಗಳ ವಿಚಿತ್ರ ಲೆಕ್ಕ

ನಮಸ್ಕಾರ. ನಿಮ್ಮಲ್ಲಿ ಸುಮಾರು ಜನ ಕೇಳಿದ ಪ್ರಶ್ನೆ ಇದು: "ಅಮೆರಿಕದಲ್ಲಿ ಹೆಂಡತಿ ಗರ್ಭಿಣಿಯಾಗಿದ್ದರೆ ಡಿವೋರ್ಸ್ ಕೊಡಲ್ಲವಂತೆ, ನಿಜಾನಾ?"

ಅರ್ಧ ನಿಜ. ಕಥೆ ಇರೋದು ಉಳಿದ ಅರ್ಧದಲ್ಲಿ.

ಈ ಸುದ್ದಿ ಜೋರಾಗಿ ಹರಡಿದ್ದು 2024ರಲ್ಲಿ, ಮಿಸೌರಿ ರಾಜ್ಯದಿಂದ. ಅಲ್ಲಿನ ಕಾನೂನು ಪುಸ್ತಕ ತೆಗೆದು ನೋಡಿದರೆ "ಗರ್ಭಿಣಿಗೆ ವಿಚ್ಛೇದನ ಇಲ್ಲ" ಅಂತ ಎಲ್ಲೂ ಬರೆದಿಲ್ಲ. ಕಲಂ 452.310ರಲ್ಲಿ ಡಿವೋರ್ಸ್ ಅರ್ಜಿಯಲ್ಲಿ ಏನೇನು ತಿಳಿಸಬೇಕು ಅನ್ನೋ ಪಟ್ಟಿ ಇದೆ. ಮದುವೆ ಯಾವಾಗ ಆಯ್ತು, ಬೇರೆ ಯಾವಾಗ ಆದಿರಿ, ಮಕ್ಕಳೆಷ್ಟು, ಅದರ ಜೊತೆಗೆ ಹೆಂಡತಿ ಈಗ ಗರ್ಭಿಣಿಯಾ? ಇಷ್ಟೇ. ಆದರೆ ಅಲ್ಲಿನ ನ್ಯಾಯಾಧೀಶರು ರೂಢಿಯಲ್ಲಿ ಮಾಡಿಕೊಂಡು ಬಂದದ್ದು ಏನು ಅಂದರೆ, ಉತ್ತರ "ಹೌದು" ಅಂತಿದ್ದರೆ ಅರ್ಜಿ ಹಾಕಬಹುದು, ವಾದ ನಡೆಸಬಹುದು, ಅಂತಿಮ ಡಿಕ್ರಿ, ಅಂದರೆ ಮದುವೆ ಮುರಿಯೋ ಕೋರ್ಟ್ ಆದೇಶ, ಮಾತ್ರ ಹೆರಿಗೆ ಆದಮೇಲೆ. ಟೆಕ್ಸಾಸ್‌ನ ಕೋರ್ಟ್‌ಗಳಲ್ಲೂ ಸಾಮಾನ್ಯವಾಗಿ ಹೀಗೇ ನಡೆಯುತ್ತೆ.

ಅಂದರೆ ಒಂದು ಫಾರ್ಮಿನ ಒಂದು ಪ್ರಶ್ನೆ ತಿಂಗಳುಗಟ್ಟಲೆ ಮದುವೆಯನ್ನ ಜೀವಂತ ಇಡುತ್ತೆ. ಸರ್ಕಾರಿ ಫಾರ್ಮುಗಳಿಗೆ ಶಕ್ತಿ ಇದೆ ಅಂತ ಗೊತ್ತಿತ್ತು, ಇಷ್ಟಿದೆ ಅಂತ ಗೊತ್ತಿರಲಿಲ್ಲ.

ಇನ್ನು ಮುಂದೆ ಹೋಗೋ ಮೊದಲು ಒಂದು ಗೊಂದಲ ತೆಗೆದುಬಿಡೋಣ, ಯಾಕಂದ್ರೆ ಈ ವಿಷಯ ಬಂದಾಗಲೆಲ್ಲ "ಚೀನಾದಲ್ಲೂ ಇದೆ, ರಷ್ಯಾದಲ್ಲೂ ಇದೆ" ಅಂತ ಯಾರಾದರೂ ಹೇಳೇ ಹೇಳ್ತಾರೆ.

ಇದೆ, ಆದರೆ ಬೇರೆ ಥರ. ಬಾಗಿಲಿಗೆ ಚಿಲಕ ಒಳಗಡೆಯಿಂದ ಹಾಕಿಕೊಂಡರೆ ಒಳಗಿರೋರಿಗೆ ರಕ್ಷಣೆ. ಅದೇ ಚಿಲಕ ಹೊರಗಡೆಯಿಂದ ಬಿದ್ದರೆ ಒಳಗಿರೋರು ಬಂದಿ. ಚೀನಾದ ನಾಗರಿಕ ಸಂಹಿತೆಯ 1082ನೇ ವಿಧಿ ಹೇಳೋದು: ಹೆಂಡತಿ ಗರ್ಭಿಣಿ ಇರುವಾಗ, ಹೆರಿಗೆಯಾಗಿ ಒಂದು ವರ್ಷದೊಳಗೆ, ಗರ್ಭಪಾತ ಆಗಿದ್ದರೆ ಆರು ತಿಂಗಳೊಳಗೆ, ಗಂಡ ವಿಚ್ಛೇದನ ಕೇಳುವ ಹಾಗಿಲ್ಲ. ಹೆಂಡತಿ ಕೇಳಬಹುದು. ಈ ಯೋಚನೆ 1950ರ ಅವರ ವಿವಾಹ ಕಾನೂನಿನಲ್ಲೇ ಇತ್ತು. ರಷ್ಯಾದ ಕುಟುಂಬ ಸಂಹಿತೆಯ 17ನೇ ವಿಧಿಯೂ ಹಾಗೇ, ಹೆಂಡತಿ ಒಪ್ಪದೆ ಗಂಡ ಅರ್ಜಿ ಹಾಕೋ ಹಾಗಿಲ್ಲ. ವಿಯೆಟ್ನಾಂನ 2014ರ ಕಾನೂನೂ ಗಂಡನನ್ನೇ ತಡೆಯುತ್ತೆ. ಇವೆಲ್ಲ ಒಳಚಿಲಕ. ತುಂಬು ಬಸುರಿಯನ್ನ, ಹಸುಗೂಸಿನ ತಾಯಿಯನ್ನ ಗಂಡ ಬೀದಿಗೆ ತಳ್ಳಬಾರದು ಅನ್ನೋದು ಉದ್ದೇಶ.

ಮಿಸೌರಿಯದು ಹೊರಚಿಲಕ. ಅರ್ಜಿ ಹಾಕಿದ್ದು ಹೆಂಡತಿಯೇ ಆಗಿದ್ದರೂ ಅವಳೂ ಕಾಯಬೇಕಿತ್ತು.

ಸರಿ, ಯಾಕೆ ಹೀಗೆ? ನ್ಯಾಯಾಧೀಶರ ವಾದವನ್ನ ಅವರ ಪರವಾಗಿಯೇ ಹೇಳ್ತೀನಿ. ಹುಟ್ಟದ ಮಗುವಿನ ಕಸ್ಟಡಿ ಯಾರಿಗೆ ಅಂತ ಆದೇಶ ಬರೆಯೋಕೆ ಆಗಲ್ಲ, ಪೋಷಣೆ ಖರ್ಚು ಎಷ್ಟು ಅಂತ ನಿಗದಿ ಮಾಡೋದೂ ಕಷ್ಟ. ಈಗ ಡಿಕ್ರಿ ಕೊಟ್ಟರೆ ಹೆರಿಗೆ ಆದಮೇಲೆ ಮತ್ತೊಂದು ಕೇಸು. ಎರಡು ಸಲ ವಕೀಲರ ಫೀಸು, ಎರಡು ಸಲ ಕೋರ್ಟ್ ಅಲೆದಾಟ. ಎಲ್ಲ ಒಂದೇ ಸಲ ಮುಗಿಸೋಣ ಅನ್ನೋದು. ಕೇಳೋಕೆ ತರ್ಕ ಸರಿಯಾಗೇ ಇದೆ. ಆದರೆ ಈ ತರ್ಕದ ಬುಡದಲ್ಲಿ ಇನ್ನೊಂದು ಹಳೇ ನಂಬಿಕೆ ಕೂತಿದೆ: ಮದುವೆಯೊಳಗೆ ಹುಟ್ಟಿದ ಮಗುವಿಗೆ ಗಂಡನೇ ತಂದೆ. ರೋಮನ್ನರ ಕಾಲದಿಂದ ಬಂದ ನಿಯಮ. ಟೆಕ್ಸಾಸ್ ಕಾನೂನಿನಲ್ಲಿ ಇವತ್ತಿಗೂ, ಮದುವೆ ಮುರಿದು 300 ದಿನದ ಒಳಗೆ ಮಗು ಹುಟ್ಟಿದರೆ ಮಾಜಿ ಗಂಡನೇ ತಂದೆ ಅಂತ ಮೊದಲು ಊಹಿಸಿಕೊಳ್ತಾರೆ.

[ಸ್ಕ್ರೀನ್ ಮೇಲೆ ದೊಡ್ಡದಾಗಿ: 300]

ಈ ಸಂಖ್ಯೆ ನೋಡಿ. ನನಗೆ ಈ ಇಡೀ ವಿಷಯದಲ್ಲಿ ತಲೆ ಕೆಡಿಸಿದ್ದು ಇದೇ. ಇದರ ಪೂರ್ತಿ ನಾಟಕ ನೋಡಬೇಕು ಅಂದರೆ ಜಪಾನ್‌ಗೆ ಹೋಗಬೇಕು. ಸ್ವಲ್ಪ ಲೆಕ್ಕ ಇದೆ, ಓಡಿಸಬೇಡಿ, ಪೆನ್ನು ಬೇಕಾದರೆ ತಗೊಳ್ಳಿ.

ಜಪಾನ್‌ನಲ್ಲಿ ಡಿವೋರ್ಸ್ ತಗೊಳ್ಳೋದೇನೂ ಕಷ್ಟ ಅಲ್ಲ. ಇಬ್ಬರೂ ಒಪ್ಪಿದರೆ ಸ್ಥಳೀಯ ಕಚೇರಿಯಲ್ಲಿ ಒಂದು ಫಾರ್ಮ್ ಕೊಟ್ಟರೆ ಮುಗೀತು. ತೊಡಕು ಶುರುವಾಗೋದು ಆಮೇಲೆ. ಮೇಜಿ ಕಾಲದ, ಅಂದರೆ 1898ರ ನಾಗರಿಕ ಸಂಹಿತೆಯಿಂದ ಬಂದ ಎರಡು ನಿಯಮ. ಒಂದು, ಮದುವೆಯಾಗಿ 200 ದಿನ ಕಳೆದ ಮೇಲೆ ಹುಟ್ಟಿದ ಮಗು ಆ ಗಂಡನದು. ಇನ್ನೊಂದು, ಮದುವೆ ಮುರಿದು 300 ದಿನದೊಳಗೆ ಹುಟ್ಟಿದ ಮಗು ಹಳೇ ಗಂಡನದು.

ಈಗ ಒಬ್ಬ ಹೆಂಗಸು ಇವತ್ತು ಡಿವೋರ್ಸ್ ತಗೊಂಡು ಇವತ್ತೇ ಇನ್ನೊಬ್ಬರನ್ನ ಮದುವೆ ಆದಳು ಅಂದುಕೊಳ್ಳಿ. 250ನೇ ದಿನ ಮಗು ಹುಟ್ಟಿತು. ಹೊಸ ಮದುವೆಗೆ 200 ದಿನ ದಾಟಿದೆ, ಹಾಗಾಗಿ ಹೊಸ ಗಂಡನ ಮಗು. ಹಳೇ ಮದುವೆ ಮುರಿದು 300 ದಿನ ಆಗಿಲ್ಲ, ಹಾಗಾಗಿ ಹಳೇ ಗಂಡನ ಮಗು. ಕಾನೂನಿನ ಪ್ರಕಾರ ಒಂದು ಮಗುವಿಗೆ ಇಬ್ಬರು ಅಪ್ಪಂದಿರು!

ಇದನ್ನ ತಪ್ಪಿಸೋಕೆ ಏನು ಮಾಡಿದರು? ಹೆಂಗಸು ಡಿವೋರ್ಸ್ ಆಗಿ ಆರು ತಿಂಗಳು ಮರುಮದುವೆ ಆಗಬಾರದು ಅಂತ ನಿಯಮ ಮಾಡಿದರು. ಗಂಡಸು? ಅದೇ ದಿನ ಸಂಜೆಗೇ ಆಗಬಹುದು. ಅವನ ಲೆಕ್ಕ ಯಾರೂ ಇಡಲ್ಲ.

ಈಗ ನನಗೆ ಇಷ್ಟವಾದ ಭಾಗ. ಗೊಂದಲದ ದಿನಗಳು ಎಷ್ಟು? 201ನೇ ದಿನದಿಂದ 300ನೇ ದಿನದವರೆಗೆ, ಬರೀ 100 ದಿನ. ಅವಳು 100 ದಿನ ಕಾದು ಮದುವೆಯಾದರೆ, 100ಕ್ಕೆ 200 ಸೇರಿಸಿ, 300. ಎರಡು ಅವಧಿಗಳು ಒಂದರ ಮೇಲೊಂದು ಬೀಳೋದೇ ಇಲ್ಲ. ಹಾಗಾದರೆ ಆರು ತಿಂಗಳು ಯಾಕೆ? ಗರ್ಭ ಇದೆಯೋ ಇಲ್ಲವೋ ಅಂತ ಬೇಗ ಖಚಿತವಾಗಿ ಹೇಳೋ ವಿದ್ಯೆ 1898ರಲ್ಲಿ ಇರಲಿಲ್ಲ ಅನ್ನೋದು ಒಂದು ಸಮರ್ಥನೆ. ಆದರೆ ಆ ವಿದ್ಯೆ ಬಂದಮೇಲೂ ಲೆಕ್ಕವನ್ನ ಯಾರೂ ಮತ್ತೆ ಕೂಡಿ ಕಳೆದು ನೋಡಲಿಲ್ಲ. 2015ರ ಡಿಸೆಂಬರ್ 16ರಂದು ಜಪಾನ್‌ನ ಸುಪ್ರೀಂ ಕೋರ್ಟ್ ನೋಡಿತು. 100 ದಿನಕ್ಕಿಂತ ಹೆಚ್ಚಿನ ನಿಷೇಧ ಸಂವಿಧಾನ ವಿರೋಧಿ ಅಂತು. ಮೂರನೇ ಕ್ಲಾಸಿನ ಕೂಡಿಸೋ ಲೆಕ್ಕ, ಉತ್ತರ ಬರೋಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯ್ತು. 2016ರಲ್ಲಿ ಕಾನೂನು ತಿದ್ದಿ 100 ದಿನ ಮಾಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಯಾಕಂದ್ರೆ 300 ದಿನದ ನಿಯಮ ಹಾಗೇ ಇತ್ತಲ್ಲ, ಅದರ ಪೆಟ್ಟು ಬಿದ್ದದ್ದು ಬೇರೆ ಕಡೆ. ಹೊಡೆಯೋ ಗಂಡನನ್ನ ಬಿಟ್ಟು ಓಡಿಬಂದವಳು, ಡಿವೋರ್ಸ್ ಸಿಗೋಕೆ ವರ್ಷಗಳು ಹಿಡಿದವು, ಅಷ್ಟರಲ್ಲಿ ಇನ್ನೊಬ್ಬರ ಜೊತೆ ಬದುಕು ಕಟ್ಟಿಕೊಂಡಳು, ಮಗು ಆಯ್ತು. ಆ ಮಗುವಿನ ಜನನ ನೋಂದಣಿಗೆ ಹೋದರೆ ತಂದೆ ಜಾಗದಲ್ಲಿ ಬರೋದು ಹೊಡೀತಿದ್ದವನ ಹೆಸರು. "ಇದು ನನ್ನ ಮಗು ಅಲ್ಲ" ಅಂತ ನಿರಾಕರಣೆ ದಾವೆ ಹಾಕೋ ಹಕ್ಕು ಇದ್ದದ್ದು ಅವನಿಗೆ ಮಾತ್ರ, ತಾಯಿಗೆ ಇಲ್ಲ. ಬೇರೆ ಕಾನೂನು ದಾರಿ ಹಿಡಿದರೂ ಅವನು ಕಾಣಿಸಿಕೊಳ್ಳೋ, ಅವನಿಗೆ ವಿಳಾಸ ಸಿಗೋ ಭಯ. ಹಾಗಾಗಿ ಎಷ್ಟೋ ತಾಯಂದಿರು ನೋಂದಣಿಯನ್ನೇ ಮಾಡಿಸಲಿಲ್ಲ. ಜಪಾನ್‌ನ ಕುಟುಂಬ ನೋಂದಣಿ ಪುಸ್ತಕ, ಕೊಸೆಕಿ, ಅದರಲ್ಲಿ ಹೆಸರೇ ಇಲ್ಲದ ಮಕ್ಕಳು ಬೆಳೆದರು. ಪಾಸ್‌ಪೋರ್ಟ್‌ಗೆ ತೊಂದರೆ, ಮುಂದೆ ತಮ್ಮದೇ ಮದುವೆಗೆ ತೊಂದರೆ. ಮಗುವಿಗೆ ಅಪ್ಪ ಇರಲಿ ಅಂತ ಮಾಡಿದ ನಿಯಮ ಮಗುವನ್ನ ಕಾಗದದ ಮೇಲೆ ಇಲ್ಲವಾಗಿಸಿತು!

2007ರಲ್ಲಿ ಸಣ್ಣದೊಂದು ಕಿಂಡಿ ತೆಗೆದರು: ಗರ್ಭ ನಿಂತದ್ದು ಡಿವೋರ್ಸ್ ಆದಮೇಲೆ ಅಂತ ಡಾಕ್ಟರ್ ಬರೆದುಕೊಟ್ಟರೆ ವಿನಾಯಿತಿ. ಡಿವೋರ್ಸ್‌ಗೆ ಮೊದಲೇ ಬಸುರಿ ಆಗಿದ್ದರೆ ಅದೂ ಇಲ್ಲ. ಕೊನೆಗೆ 2024ರ ಏಪ್ರಿಲ್ 1ರಿಂದ ಮರುಮದುವೆ ನಿಷೇಧ ಪೂರ್ತಿ ರದ್ದಾಯ್ತು. ಹೆರಿಗೆ ಹೊತ್ತಿಗೆ ತಾಯಿ ಮರುಮದುವೆ ಆಗಿದ್ದರೆ ಹೊಸ ಗಂಡನೇ ತಂದೆ, ನಿರಾಕರಣೆ ದಾವೆ ಹಾಕೋ ಹಕ್ಕು ತಾಯಿಗೂ ಮಗುವಿಗೂ ಬಂತು. ಮರುಮದುವೆ ಆಗದೆ ಇದ್ದವಳಿಗೆ? 300 ದಿನ ಇನ್ನೂ ಕಾಯ್ತಾ ಕೂತಿದೆ.

ಜಪಾನ್‌ನಲ್ಲೇ ಬಹಳ ಹೊತ್ತು ಕಳೆದುಬಿಟ್ಟೆ, ಎಡಿಟಿಂಗ್ ಮಾಡೋರು ಆಗಲೇ ಗಡಿಯಾರ ತೋರಿಸ್ತಿದಾರೆ. ಬೇಗ ಅಮೆರಿಕಕ್ಕೆ ವಾಪಸ್.

ಮಿಸೌರಿಯ ಈ ರೂಢಿ ಹೊಸದೇನಲ್ಲ. 2024ರಲ್ಲೇ ಯಾಕೆ ಗಲಾಟೆ ಆಯ್ತು? 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನ ತೆಗೆದುಹಾಕಿತು, ಅದೇ ದಿನ ಮಿಸೌರಿಯಲ್ಲಿ ನಿಷೇಧ ಜಾರಿಗೆ ಬಂತು. ಎರಡೂ ಸೇರಿದಾಗ ಏನಾಯ್ತು ನೋಡಿ: ಗರ್ಭ ತೆಗೆಸೋ ಹಾಗಿಲ್ಲ, ಗರ್ಭ ಇರೋವರೆಗೆ ಮದುವೆ ಮುರಿಯೋ ಹಾಗೂ ಇಲ್ಲ. ಬಿಟ್ಟುಹೋಗ್ತಾಳೆ ಅಂತ ಗೊತ್ತಾದ ಗಂಡನಿಗೆ ಅವಳನ್ನ ಬಸುರಿ ಮಾಡೋದೇ ಒಂದು ಆಯುಧ. ಗರ್ಭನಿರೋಧಕ ಮಾತ್ರೆ ಬಚ್ಚಿಡೋದು, ಬಲವಂತ ಮಾಡೋದು, ಇವೆಲ್ಲ ನಡೆಯುತ್ತೆ ಅಂತ ಅಲ್ಲಿನ ಸ್ತ್ರೀರೋಗ ತಜ್ಞರ ಸಂಘ 2013ರಲ್ಲೇ ತನ್ನ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತ್ತು. ಆ್ಯಶ್ಲಿ ಆನ್ ಅನ್ನೋ ಶಾಸಕಿ 2024ರಲ್ಲಿ, ಗರ್ಭಿಣಿ ಅನ್ನೋ ಕಾರಣಕ್ಕೆ ಡಿಕ್ರಿ ನಿಲ್ಲಿಸಬಾರದು ಅಂತ ಮಸೂದೆ ತಂದರು. ಆ ವರ್ಷ ಅದು ಪಾಸಾಗಲಿಲ್ಲ. 2024ರ ನವೆಂಬರ್‌ನಲ್ಲಿ ಮಿಸೌರಿಯ ಮತದಾರರು ಗರ್ಭಪಾತದ ಹಕ್ಕಿಗೆ ಓಟು ಹಾಕಿದರು, ಆ ಹಗ್ಗಜಗ್ಗಾಟ ಆಮೇಲೂ ನಡೆಯಿತು.

"ಕೆಲವು ತಿಂಗಳು ತಾನೇ, ಕಾದರೆ ಏನಾಗುತ್ತೆ?" ಅಂತ ಕೇಳೋರಿಗೆ ಒಂದೇ ಮಾತು. ಅಮೆರಿಕದಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಗರ್ಭಿಣಿಯರು ಮತ್ತು ಬಾಣಂತಿಯರು ಕೊಲೆಯಾಗಿ ಸಾಯೋದು ರಕ್ತಸ್ರಾವದಿಂದ, ರಕ್ತದೊತ್ತಡದ ಸಮಸ್ಯೆಯಿಂದ ಸಾಯೋದಕ್ಕಿಂತ ಹೆಚ್ಚು. ಹೌದು, ರಕ್ಷಣಾ ಆದೇಶ ಬೇರೆಯಾಗಿ ತಗೋಬಹುದು, ಬೇರೆ ಮನೆ ಮಾಡಬಹುದು. ಆದರೆ ಆಸ್ತಿ ಹಂಚಿಕೆ ಆಗಿರಲ್ಲ, ಮರುಮದುವೆ ಆಗೋಕೆ ಆಗಲ್ಲ, ಕಾಗದದ ಮೇಲೆ ಅವನು ಇನ್ನೂ ಗಂಡ. ಕೋರ್ಟ್‌ಗೆ ಅದು ಕಡತ ನಿರ್ವಹಣೆ, ಅವಳಿಗೆ ಒಂಬತ್ತು ತಿಂಗಳ ನಂಟು.

ಬೇರೆ ದಾರಿ ಇಲ್ಲವಾ? ಇದೆ, ಅಮೆರಿಕದಲ್ಲೇ ಇದೆ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ 2004ರಲ್ಲಿ, ತನ್ನನ್ನ ಹೊಡೆದಿದ್ದ ಗಂಡನಿಂದ ಡಿವೋರ್ಸ್ ಪಡೆದಿದ್ದ ಮಹಿಳೆಯೊಬ್ಬರು ಗರ್ಭಿಣಿ ಅಂತ ತಿಳಿದಮೇಲೆ ನ್ಯಾಯಾಧೀಶರು ಕೊಟ್ಟ ಡಿವೋರ್ಸನ್ನೇ ವಾಪಸ್ ತಗೊಂಡರು. ದೇಶವೆಲ್ಲ ಸುದ್ದಿ ಆಯ್ತು. 2005ರಲ್ಲಿ ಆ ರಾಜ್ಯದ ಶಾಸಕಾಂಗ ಕಾನೂನಿಗೆ ಒಂದು ವಾಕ್ಯ ಸೇರಿಸಿತು: ಗರ್ಭಿಣಿ ಅನ್ನೋ ಒಂದೇ ಕಾರಣಕ್ಕೆ ಡಿವೋರ್ಸ್ ನಿರಾಕರಿಸಬಾರದು, ತಡಮಾಡಲೂ ಬಾರದು. ಮಗುವಿನ ವಿಷಯ ಹುಟ್ಟಿದ ಮೇಲೆ ನೋಡಿದರಾಯ್ತು. ಒಂದು ಫಾರ್ಮಿನ ಪ್ರಶ್ನೆ ಕಟ್ಟಿದ್ದನ್ನ ಒಂದು ವಾಕ್ಯ ಬಿಚ್ಚಿತು. ಇನ್ನು ತಂದೆ ಯಾರು ಅನ್ನೋದೇ ತಲೆನೋವು ಅಂದರೆ, ಡಿಎನ್ಎ ಬೆರಳಚ್ಚು ಬಂದದ್ದು 1984ರಲ್ಲಿ. ತಾಯಿಯ ರಕ್ತದಲ್ಲೇ ಭ್ರೂಣದ ಡಿಎನ್ಎ ಓಡಾಡುತ್ತೆ ಅಂತ ವಿಜ್ಞಾನಿ ಡೆನ್ನಿಸ್ ಲೋ ಅವರ ತಂಡ ತೋರಿಸಿದ್ದು 1997ರಲ್ಲಿ. ಹೆರಿಗೆಗೆ ಮೊದಲೇ, ತಾಯಿಯ ತೋಳಿನಿಂದ ರಕ್ತ ತಗೊಂಡು ಹೇಳೋ ಪರೀಕ್ಷೆ ಇವತ್ತು ಇದೆ.

ಕೊನೆಯದು, "ನಮ್ಮಲ್ಲಿ ಹೇಗೆ?" ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಗರ್ಭಿಣಿಗೆ ಡಿವೋರ್ಸ್ ಇಲ್ಲ ಅನ್ನೋ ಕಲಂ ಇಲ್ಲ. ಮದುವೆಯಾಗಿ ಸಾಮಾನ್ಯವಾಗಿ ಒಂದು ವರ್ಷ ಆಗಿರಬೇಕು, ಒಪ್ಪಿಗೆಯ ಡಿವೋರ್ಸ್‌ಗೆ ಆರು ತಿಂಗಳು ಕಾಯೋ ನಿಯಮ ಇದೆ, ಅದನ್ನ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವೆಲ್ಲ ಇಬ್ಬರಿಗೂ ಒಂದೇ. ಗರ್ಭದ ಮಾತು ಬರೋದು 12ನೇ ಕಲಂನಲ್ಲಿ: ಮದುವೆ ಹೊತ್ತಿಗೇ ಹೆಂಡತಿ ಬೇರೆಯವರಿಂದ ಗರ್ಭಿಣಿಯಾಗಿದ್ದು ಅದು ಗಂಡನಿಗೆ ಗೊತ್ತಿಲ್ಲದಿದ್ದರೆ, ಅವನು ವರ್ಷದೊಳಗೆ ಮದುವೆ ರದ್ದು ಕೇಳಬಹುದು. ಮುಸ್ಲಿಂ ಕಾನೂನಿನಲ್ಲಿ ಗರ್ಭಿಣಿಯ ಇದ್ದತ್, ಅಂದರೆ ಮರುಮದುವೆಗೆ ಮೊದಲು ಕಾಯಬೇಕಾದ ಅವಧಿ, ಹೆರಿಗೆವರೆಗೆ. ಪಾಕಿಸ್ತಾನದ 1961ರ ಸುಗ್ರೀವಾಜ್ಞೆ ಪ್ರಕಾರ ತಲಾಕ್ ಜಾರಿಯಾಗೋದೇ 90 ದಿನ ಅಥವಾ ಗರ್ಭ ಮುಗಿಯೋದು, ಯಾವುದು ತಡವೋ ಅದಾದ ಮೇಲೆ.

ದಿನದ ಲೆಕ್ಕ ನಮ್ಮಲ್ಲೂ ಇದೆ, 300 ಅಲ್ಲ, 280. ಮದುವೆ ಮುರಿದು 280 ದಿನದೊಳಗೆ ಮಗು ಹುಟ್ಟಿ, ತಾಯಿ ಮರುಮದುವೆ ಆಗಿಲ್ಲದಿದ್ದರೆ, ಅದು ಆ ಗಂಡನ ಮಗು ಅನ್ನೋದಕ್ಕೆ ಅದೇ ನಿರ್ಣಾಯಕ ಪುರಾವೆ. ಆ ಸಮಯದಲ್ಲಿ ಇಬ್ಬರೂ ಸೇರೋ ಅವಕಾಶವೇ ಇರಲಿಲ್ಲ ಅಂತ ತೋರಿಸಿದರೆ ಮಾತ್ರ ಬೇರೆ. 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಂ ಇದು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಬಂತು, 112 ಹೋಗಿ 116 ಆಯ್ತು. 280 ಮಾತ್ರ ಅಲ್ಲೇ ಇದೆ. ಹಾಗಾದರೆ ಡಿಎನ್ಎ ವರದಿಗೂ ಈ ಕಲಂಗೂ ಜಗಳ ಬಿದ್ದರೆ ಗೆಲ್ಲೋದು ಯಾವುದು? ಸುಪ್ರೀಂ ಕೋರ್ಟ್‌ನಲ್ಲೇ ಅದಕ್ಕೆ 1993ರಿಂದ 2025ರವರೆಗೆ ಹರಡಿಕೊಂಡ ತೀರ್ಪುಗಳಿವೆ. ಅದು ಮುಂದಿನ ವಿಡಿಯೋ.