ಸೂಜಿಗೆ ಕೈ ಹಾಕುವ ಮುನ್ನ ಟ್ಯಾಂಕ್ ನೋಡಿ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ.

ಮಾದರಿ ವಿಮಾನ ಹಾರಿಸುವವರಿಗೆಲ್ಲ ಗೊತ್ತಿರುವ ಒಂದು ಸಂಕಟದಿಂದಲೇ ಮಾತು ಶುರುಮಾಡುತ್ತೇನೆ. ಎಂಜಿನ್ ನೆಲದ ಮೇಲೆ ಸೊಗಸಾಗಿ ಓಡುತ್ತಿರುತ್ತದೆ. ವಿಮಾನ ಮೇಲೇಳುತ್ತದೆ, ಮೂತಿ ಎತ್ತುತ್ತದೆ. ಅಷ್ಟರಲ್ಲಿ ಸದ್ದು ಕೀರಲಾಗಿ, ಒಮ್ಮೆ ಚೀರಿ, ಎಂಜಿನ್ ನಿಂತೇ ಹೋಗುತ್ತದೆ. ಮಂಡ್ಯದ ಕಡೆಯ ಬಯಲಾದರೆ ಅದು ಹೋಗಿ ಬೀಳುವುದು ಪಕ್ಕದ ಕಬ್ಬಿನ ಗದ್ದೆಗೆ. ಆಳೆತ್ತರದ ಕಬ್ಬಿನೊಳಗೆ ನುಗ್ಗಿ, ಸೋಗೆಯಿಂದ ಕೈಮೈ ಕೊಯ್ಸಿಕೊಂಡು ಹುಡುಕಿ ತರುವಷ್ಟರಲ್ಲಿ ಬೆಳಗಿನ ಹುಮ್ಮಸ್ಸೆಲ್ಲ ಇಳಿದಿರುತ್ತದೆ. ತಂದ ಮೇಲೆ ಹುಡುಗರು ಮಾಡುವ ಮೊದಲ ಕೆಲಸ ಕಾರ್ಬುರೇಟರಿನ ಸೂಜಿ, ಅಂದರೆ ಎಂಜಿನ್ನಿಗೆ ಹೋಗುವ ಇಂಧನವನ್ನು ಹೆಚ್ಚು ಕಡಿಮೆ ಮಾಡುವ ತಿರುಪು, ತಿರುಗಿಸುವುದು. ನನ್ನ ತಕರಾರು ಇರುವುದು ಅಲ್ಲಿಯೇ. ಇಂಧನ ಹೊರಡುವುದು ಟ್ಯಾಂಕಿನಿಂದ. ಸೂಜಿ ಸಿಗುವುದು ಅದರ ದಾರಿಯ ಕೊನೆಯಲ್ಲಿ. ಹುಡುಕಾಟವೂ ಟ್ಯಾಂಕಿನಿಂದಲೇ ಹೊರಡಬೇಕು.

ನಾನು ಹೇಳುತ್ತಿರುವುದು ಗ್ಲೋ ಪ್ಲಗ್, ಅಂದರೆ ಕಾದ ತಂತಿಯಿಂದ ಇಂಧನ ಹೊತ್ತಿಸುವ ಪ್ಲಗ್, ಇರುವ ಪುಟ್ಟ ಎಂಜಿನ್‌ಗಳ ಬಗ್ಗೆ. ಹವ್ಯಾಸಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಆರೂವರೆ ಸಿಸಿಯ ಎಂಜಿನ್. ಇದರ ಇಂಧನ ಪೆಟ್ರೋಲ್ ಅಲ್ಲ. ಬಹುಪಾಲು ಮೆಥನಾಲ್, ಸುಮಾರು ಶೇಕಡಾ 20ರಷ್ಟು ಎಣ್ಣೆ, ಜೊತೆಗೆ ಕೆಲವೊಮ್ಮೆ ಸ್ವಲ್ಪ ನೈಟ್ರೋಮೀಥೇನ್. ಆ ಎಣ್ಣೆಯಲ್ಲಿ ಹರಳೆಣ್ಣೆಗೆ ಇಂದಿಗೂ ಮರ್ಯಾದೆ ಇದೆ. ಅಜ್ಜಿಯರು ನೆತ್ತಿಗೆ ಒತ್ತುತ್ತಿದ್ದ ಅದೇ ಹರಳೆಣ್ಣೆ, ಆದರೆ ಚೆನ್ನಾಗಿ ಶುದ್ಧಿ ಮಾಡಿದ್ದು. ಇಂಧನ ಸ್ವಲ್ಪ ಕಡಿಮೆಯಾಗಿ ಎಂಜಿನ್ ವಿಪರೀತ ಕಾದಾಗಲೂ ಅದು ಲೋಹವನ್ನು ಕಾಪಾಡುತ್ತದೆ.

ಈ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇಂಧನ ಪಂಪ್ ಇರುವುದಿಲ್ಲ. ಕಾರ್ಬುರೇಟರಿನೊಳಗೆ ನುಗ್ಗುವ ಗಾಳಿ ಇಂಧನವನ್ನು ಎಳೆದುಕೊಳ್ಳುತ್ತದೆ. ಸೈಲೆನ್ಸರಿನಿಂದ ಟ್ಯಾಂಕಿಗೆ ಜೋಡಿಸಿದ ಸಣ್ಣ ಕೊಳವೆ ಹಿಂದಿನಿಂದ ಸ್ವಲ್ಪ ಒತ್ತಡ ಕೊಡುತ್ತದೆ. ಇರುವ ಬಲ ಅಷ್ಟೇ. ಪಂಪ್‌ಸೆಟ್ ಇಟ್ಟುಕೊಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆಯುವ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಮೋಟಾರು ಗಾಳಿ ಎಳೆಯುತ್ತದೆ, ನೀರು ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರೂ ಮೋಟಾರನ್ನು ಬಿಚ್ಚಲು ಕೂರುವುದಿಲ್ಲ, ಪೈಪು ನೋಡುತ್ತಾರೆ.

ಟ್ಯಾಂಕಿನ ಒಳಗೆ ಮೆತ್ತನೆಯ ಸಿಲಿಕೋನ್ ಕೊಳವೆಯೊಂದು ತೂಗುತ್ತಿರುತ್ತದೆ. ಅದರ ತುದಿಯಲ್ಲಿ ಕ್ಲಂಕ್ ಎಂಬ ಸಣ್ಣ ಹಿತ್ತಾಳೆ ಗುಂಡು. ವಿಮಾನ ಹೇಗೆ ಮಗುಚಿದರೂ ಗುಂಡು ಇಂಧನ ಇರುವ ಕಡೆಗೇ ಜಾರಬೇಕು. ಗಡುಸಾಗಿ ನೆಲಕ್ಕಿಳಿದಾಗ ಈ ಗುಂಡು ಮುಂದಕ್ಕೆ ಚಿಮ್ಮಿ, ಕೊಳವೆ ಮಡಚಿಕೊಂಡು ಅಲ್ಲಿಯೇ ಸಿಕ್ಕಿಬೀಳುತ್ತದೆ. ಆಮೇಲೆ ನೆಲದ ಮೇಲೆ ಎಲ್ಲವೂ ಸರಿ. ಮೂತಿ ಎತ್ತಿದೊಡನೆ ಇಂಧನ ಹಿಂದಕ್ಕೆ ಸರಿಯುತ್ತದೆ, ಗುಂಡು ಮುಂದೆಯೇ ಉಳಿಯುತ್ತದೆ. ಮೊದಲು ಹೇಳಿದ ಸಂಕಟಕ್ಕೆ ನಾನು ಕಂಡಂತೆ ಇದೇ ದೊಡ್ಡ ಕಾರಣ. ಟ್ಯಾಂಕನ್ನು ಬಿಚ್ಚಿ, ಕಿವಿಯ ಬಳಿ ಹಿಡಿದು ಅಲುಗಿಸಿ. ಗುಂಡು ಎಲ್ಲ ಕಡೆಗೂ ತಗುಲಿ ಟಕಟಕ ಸದ್ದು ಮಾಡಬೇಕು, ಆದರೆ ಹಿಂಬದಿಯ ಗೋಡೆಗೆ ಅಂಟಿ ಕೂರಬಾರದು.

ಒಮ್ಮೆ ಎನ್‌ಸಿಸಿ ವಾಯುವಿಭಾಗದ ಹುಡುಗನೊಬ್ಬ ಬಂದು, "ಸರ್, ಟ್ಯಾಂಕ್ ತುಂಬಿರುವಾಗ ಚೆನ್ನಾಗಿ ಓಡುತ್ತದೆ, ಅರ್ಧಕ್ಕಿಳಿದ ಕೂಡಲೇ ಕೆಡುತ್ತದೆ" ಎಂದ. ರೋಗದ ಗುರುತು ಆ ಮಾತಿನಲ್ಲೇ ಇತ್ತು. ಟ್ಯಾಂಕಿನ ಬಿರಡೆ ಕಿತ್ತು, ಒಳಗಿನ ಕೊಳವೆಯನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ಬಗ್ಗಿಸಿದೆವು. ಹಿತ್ತಾಳೆ ನಳಿಕೆಗೆ ಅದನ್ನು ಸಿಕ್ಕಿಸಿದ್ದ ಜಾಗದಲ್ಲಿ ಉಗುರಿನಿಂದ ಗೀರಿದಷ್ಟು ಸೀಳು ಬಾಯಿ ಬಿಟ್ಟಿತು. ನಳಿಕೆಯ ಅಂಚನ್ನು ಉಜ್ಜಿ ನುಣುಪು ಮಾಡಿರಲಿಲ್ಲ, ಅದೇ ಕೊಯ್ದಿತ್ತು. ಇಂಧನದಲ್ಲಿ ಮುಳುಗಿರುವವರೆಗೆ ಸೀಳು ಇಂಧನವನ್ನೇ ಎಳೆಯುತ್ತದೆ. ಮಟ್ಟ ಕೆಳಗಿಳಿದ ಮೇಲೆ ಗಾಳಿ ಎಳೆಯುತ್ತದೆ. ನಳಿಕೆಯ ತುದಿಗೆ ಅರ ಹಾಕಿ, ಬೆರಳೆರಡರಷ್ಟು ಹೊಸ ಕೊಳವೆ ತೊಡಿಸಿದೆವು. ಆ ಎಂಜಿನ್ ಕೆಟ್ಟಿದೆ ಎಂದು ಪಕ್ಕಕ್ಕಿಡುವ ಯೋಚನೆಯಲ್ಲಿದ್ದ ಹುಡುಗ ಅವನು. ಇಂಥ ಎಷ್ಟು ಒಳ್ಳೆಯ ಎಂಜಿನ್‌ಗಳು ಅಟ್ಟ ಸೇರಿವೆಯೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಸೀಳು ಕಣ್ಣಿಗೆ ಬೀಳದಿದ್ದರೆ ಬಕೆಟ್ ನೀರು ಸಾಕು. ಟ್ಯಾಂಕಿನಲ್ಲಿರುವ ಇಂಧನವನ್ನು ಪೂರ್ತಿ ತೆಗೆದು, ಒಂದು ನಳಿಕೆಗೆ ಸಿರಿಂಜ್ ಸಿಕ್ಕಿಸಿ, ಉಳಿದವನ್ನು ಮುಚ್ಚಿ, ನೀರಿನಲ್ಲಿ ಅದ್ದಿ ಗಾಳಿ ಒತ್ತಿ. ಗುಳ್ಳೆ ಎಲ್ಲಿಂದ ಎದ್ದಿತೋ ಸೋರಿಕೆ ಅಲ್ಲಿದೆ. ಬಾಯಿಂದ ಊದಬೇಡಿ. ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯಬಲ್ಲದು. ಅದಕ್ಕೆ ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಕಾಣುವುದೇ ಇಲ್ಲವೆನ್ನಬಹುದು. ಮಕ್ಕಳಿರುವ ಮನೆಯಲ್ಲಿ ಈ ಡಬ್ಬಿಯನ್ನು ಬೀಗದೊಳಗೇ ಇಡಿ.

ಟ್ಯಾಂಕ್ ಕೂರುವ ಎತ್ತರವೂ ಮುಖ್ಯ. ಅದರ ನಡುಮಟ್ಟ ಕಾರ್ಬುರೇಟರಿನ ಸೂಜಿಯ ಮಟ್ಟಕ್ಕೆ ಸಮವಾಗಿರಬೇಕು, ಅಥವಾ ತುಸು ಕೆಳಗೆ. ಟ್ಯಾಂಕಿನ ಸುತ್ತ ಸ್ಪಂಜು ಸುತ್ತದಿದ್ದರೆ ಎಂಜಿನ್ನಿನ ಅದುರಿಗೆ ಇಂಧನ ನೊರೆಯೇಳುತ್ತದೆ, ನೊರೆಯೆಂದರೆ ಮತ್ತೆ ಗಾಳಿಯೇ. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳ ಸಾಲು ಹರಿಯುವುದನ್ನು ಕಣ್ಣಾರೆ ನೋಡಬಹುದು. ಫಿಲ್ಟರನ್ನು ಬಿಚ್ಚಿ ತೊಳೆಯಿರಿ, ಅದರ ತಿರುಪು ಬಿಗಿಯಾಗಿದೆಯೇ ನೋಡಿ. ಸೂಜಿಯ ಬುಡದ ರಬ್ಬರ್ ಉಂಗುರ ಒಣಗಿ ಬಿರಿದಿದ್ದರೆ ಬದಲಿಸಿ.

ಇಷ್ಟಾದ ಮೇಲೆ ಸೂಜಿಗೆ ಬನ್ನಿ. ವಿಮಾನವನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರಲಿ, ನೀವು ಪ್ರೊಪೆಲ್ಲರಿನ ಹಿಂದೆ ಇರಿ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುವ ಅಲಗು ಅದು, ಬೆರಳಿಗೆ ದಯೆ ತೋರಿಸುವುದಿಲ್ಲ. ಎಂಜಿನ್ ಪೂರ್ಣ ವೇಗದಲ್ಲಿರುವಾಗ ಇಂಧನದ ಕೊಳವೆಯನ್ನು ಕ್ಷಣಮಾತ್ರ ಹಿಸುಕಿ ಬಿಡಿ. ವೇಗ ಒಮ್ಮೆ ಏರಿ ಮೊದಲಿನಂತಾದರೆ ಇಂಧನ ತುಸು ಹೆಚ್ಚೇ ಇದೆ, ಹಾರಾಟಕ್ಕೆ ಅದು ಒಳ್ಳೆಯದು. ಹಿಸುಕಿದೊಡನೆ ಕುಸಿದರೆ ಇಂಧನ ಸಾಲದು, ಸೂಜಿಯನ್ನು ಟಿಕ್ ಎನ್ನುವ ಒಂದೆರಡು ಹಲ್ಲಿನಷ್ಟು ಸಡಿಲಿಸಿ. ಗಾಳಿಯಲ್ಲಿ ಪ್ರೊಪೆಲ್ಲರಿನ ಹೊರೆ ಇಳಿದು ಎಂಜಿನ್ ಇನ್ನಷ್ಟು ವೇಗ ಹಿಡಿಯುತ್ತದೆ, ಇನ್ನಷ್ಟು ಇಂಧನ ಬೇಡುತ್ತದೆ. ಆದ್ದರಿಂದ ನೆಲದ ಮೇಲೆ ಕಿವಿಗೆ ಇಂಪಾಗಿ ಕೇಳುವ ತುತ್ತತುದಿಯ ವೇಗಕ್ಕೆ ಸೂಜಿಯನ್ನು ಎಂದೂ ಹೊಂದಿಸಬೇಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು. ಮಂಗಳೂರಿನಲ್ಲಿ ಹೊಂದಿಸಿ ತಂದ ಎಂಜಿನ್ ಇಲ್ಲಿ ಇಂಧನ ಹೆಚ್ಚಾಗಿ ತೊದಲುತ್ತದೆ. ಅದನ್ನು ಮಾತ್ರ ಸೂಜಿಯಿಂದಲೇ ಸರಿಪಡಿಸಬೇಕು.

ಕೊನೆಗೆ ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿಸಿ ಹತ್ತು ಸೆಕೆಂಡು ಆಲಿಸಿ. ಸದ್ದು ಹಾಗೆಯೇ ಉಳಿದರೆ ಹಾರಿಸಿ. ಕೀರಲಾದರೆ ಮತ್ತೆ ಟ್ಯಾಂಕ್ ಬಿಚ್ಚಿ. ಹಾರಾಟ ಮುಗಿದ ದಿನ ಟ್ಯಾಂಕಿನಲ್ಲಿ ಇಂಧನ ಬಿಡಬೇಡಿ. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಬೇರಿಂಗ್ ತುಕ್ಕು ಹಿಡಿಯುತ್ತದೆ. ಉಳಿದ ಹರಳೆಣ್ಣೆ ಅಂಟಾಗಿ ಸೂಜಿಯ ರಂಧ್ರ ಕಟ್ಟುತ್ತದೆ. ಇಂಧನದ ಕೊಳವೆ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿಗೆ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು, ಪ್ರೊಪೆಲ್ಲರನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ ಎತ್ತಿಡಿ. ನಮಸ್ಕಾರ.