ಟೆಸ್ಟಿಂಗ್ ಟೀಮಿನ ಗುರಿ: ಏನನ್ನು ಎಣಿಸಬೇಕು?

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಬಂತು ಅಂದರೆ ಬೆಂಗಳೂರಿನ ಬಹಳಷ್ಟು ಸಾಫ್ಟ್‌ವೇರ್ ಕಂಪನಿಗಳಲ್ಲಿ ಗುರಿ ಬರೆಯುವ ಕಾಲ. ಈ ವರ್ಷ ನಿಮ್ಮ ಗುರಿ ಏನು, ಅದನ್ನು ಹೇಗೆ ಅಳೆಯುತ್ತೀರಿ ಅಂತ ಕೇಳುತ್ತಾರೆ. ಸೇಲ್ಸ್‌ನವರಿಗೆ ಇದು ಸುಲಭ, ರೂಪಾಯಿ ಲೆಕ್ಕ. ಪೇಚಿಗೆ ಸಿಕ್ಕಿಕೊಳ್ಳುವುದು ಟೆಸ್ಟಿಂಗ್ ಟೀಮ್, ಅಂದರೆ ಆಪ್ ಜನರ ಕೈಗೆ ಹೋಗುವ ಮೊದಲು ಅದರ ತಪ್ಪು ಹುಡುಕುವವರು. ಅವರ ಕೆಲಸ ಚೆನ್ನಾಗಿ ಆದಾಗ ಹೊರಗೆ ಏನೂ ಕಾಣುವುದಿಲ್ಲ ನೋಡಿ. ಆಪ್ ಸುಮ್ನೆ ಓಡುತ್ತಿರುತ್ತದೆ, ಅಷ್ಟೇ. ಆಗದೇ ಹೋದ ಅನಾಹುತವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಆಗ ಎಲ್ಲರಿಗೂ ಮೊದಲು ಹೊಳೆಯುವುದು ಬಗ್‌ಗಳ, ಅಂದರೆ ಆಪ್‌ನಲ್ಲಿ ಸಿಕ್ಕ ತಪ್ಪುಗಳ, ಸಂಖ್ಯೆ. ಮೂರು ತಿಂಗಳಲ್ಲಿ ಒಬ್ಬೊಬ್ಬರೂ 50 ಬಗ್ ಹಾಕಬೇಕು, ಅಂದರೆ ಹುಡುಕಿ ದಾಖಲಿಸಬೇಕು, ಅಂತ ಬರೆದುಬಿಡುತ್ತಾರೆ. ದಯವಿಟ್ಟು ಇದನ್ನು ಬರೆಯಬೇಡಿ. ನೀವು ಮ್ಯಾನೇಜರ್ ಆಗಿದ್ದರೆ ಕೊಡಬೇಡಿ, ಟೆಸ್ಟರ್ ಆಗಿದ್ದರೆ ಒಪ್ಪಿಕೊಳ್ಳಬೇಡಿ.

ಏನಾಗುತ್ತದೆ ಹೇಳುತ್ತೇನೆ. ಆಪ್‌ನಲ್ಲಿ ಒಂದು ಫಾರಂ ಇದೆ ಅಂದುಕೊಳ್ಳಿ. ಹೆಸರು, ಫೋನ್, ಇಮೇಲ್, ವಿಳಾಸ, ಪಿನ್ ಕೋಡ್. ಐದನ್ನೂ ಖಾಲಿ ಬಿಟ್ಟರೂ ಆಪ್ ತೆಪ್ಪಗೆ ಒಪ್ಪಿಕೊಳ್ಳುತ್ತಿದೆ. ಕಾರಣ ಒಂದೇ, ಖಾಲಿ ಇದೆಯಾ ಅಂತ ನೋಡುವ ಕೋಡ್ ಒಂದು ಕಡೆ ಬಿಟ್ಟುಹೋಗಿದೆ. ಟಾರ್ಗೆಟ್ ಇಲ್ಲದಿದ್ದರೆ ಟೆಸ್ಟರ್ ಒಂದು ಬಗ್ ಹಾಕಿ, ಐದೂ ಕಡೆ ಹೀಗಿದೆ ಎಂದು ಬರೆಯುತ್ತಾರೆ. ಟಾರ್ಗೆಟ್ ಇದ್ದರೆ ಐದು ಬಗ್ ಬೀಳುತ್ತವೆ. ಡೆವಲಪರ್ ಅದರಲ್ಲಿ ನಾಲ್ಕನ್ನು ಡೂಪ್ಲಿಕೇಟ್ ಅಂತ ಮುಚ್ಚುತ್ತಾರೆ, ಅಲ್ಲಿಂದ ಜಗಳ ಶುರು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡು ದಿನ ಕೂತು, ಆಪ್ ತಾನೇ ಬರೆದಿಡುವ ಲಾಗ್ ಓದಿ, ಮೂರು ಬಗೆಯ ಫೋನ್‌ಗಳಲ್ಲಿ ಪ್ರಯತ್ನಿಸಿ ಹಿಡಿಯಬೇಕಾದ ಕಷ್ಟದ ಬಗ್ ಕಡೆ ಯಾರೂ ತಲೆ ಹಾಕುವುದಿಲ್ಲ, ಯಾಕೆಂದರೆ ಅದೇ ಹೊತ್ತಿನಲ್ಲಿ ಹತ್ತು ಕಾಗುಣಿತದ ತಪ್ಪು ಸಿಗುತ್ತವೆ. ಟೆಸ್ಟರ್‌ಗಳು ಕೆಟ್ಟವರಲ್ಲ. ಸಂಬಳವನ್ನು ಯಾವುದಕ್ಕೆ ಕಟ್ಟಿದ್ದೀರೋ ಅದನ್ನು ಮಾಡುತ್ತಾರೆ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಅಲ್ಲಿನ ಹಣಕಾಸು ನೀತಿ ಬಗ್ಗೆ ಬರೆಯುತ್ತಾ ಇದನ್ನು ಗುರುತಿಸಿದರು. 1997ರಲ್ಲಿ ಮಾನವಶಾಸ್ತ್ರಜ್ಞೆ ಮರಿಲಿನ್ ಸ್ಟ್ರಾದರ್ನ್ ಅದನ್ನು ಇನ್ನೂ ಸರಳವಾಗಿ ಹೇಳಿದರು: ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಅವರು ನೋಡುತ್ತಿದ್ದದ್ದು ವಿಶ್ವವಿದ್ಯಾಲಯಗಳನ್ನು. ಬ್ಯಾಂಕು, ವಿಶ್ವವಿದ್ಯಾಲಯ, ನಮ್ಮ ಟೆಸ್ಟಿಂಗ್ ಟೀಮ್, ಎಲ್ಲ ಕಡೆ ಮನುಷ್ಯರೇ ಇರುವುದಲ್ವಾ?

ಏನನ್ನು ಹೇಗೆ ಪರೀಕ್ಷಿಸಬೇಕು ಅಂತ ಬರೆದ ಟೆಸ್ಟ್ ಕೇಸ್‌ಗಳ ಸಂಖ್ಯೆ, ಆಟೊಮೇಷನ್, ಅಂದರೆ ಕಂಪ್ಯೂಟರೇ ಓಡಿಸುವ ಟೆಸ್ಟ್, ಶೇಕಡಾ 80 ಆಗಬೇಕು ಅನ್ನುವ ಗುರಿ, ಇವೂ ಅದೇ ಜಾತಿ. ಶೇಕಡಾ 80 ಅಂದರೆ ಯಾವುದರ 80? ಸುಲಭವಾದವನ್ನೆಲ್ಲ ಆಟೊಮೇಟ್ ಮಾಡಿ, ಹಣ ಪಾವತಿಯ ಕಷ್ಟದ ಭಾಗ ಬಿಟ್ಟರೂ 80 ಆಗುತ್ತದೆ.

ಹಾಗಾದರೆ ಅಳೆಯುವುದೇ ಬೇಡವಾ? ಬೇಕು. ಅಮೆರಿಕದ ಸಾಫ್ಟ್‌ವೇರ್ ತಜ್ಞ ಟಾಮ್ ಡಿಮಾರ್ಕೋ ಅಂತ ಒಬ್ಬರಿದ್ದಾರೆ. ಅಳೆಯಲಾಗದ್ದನ್ನು ಹತೋಟಿಯಲ್ಲಿ ಇಡಲಾಗದು ಎಂದು 1982ರಲ್ಲಿ ಬರೆದವರು. ಆ ಮಾತು ಎಷ್ಟೋ ವರ್ಷ ನಮ್ಮ ಕ್ಷೇತ್ರದಲ್ಲಿ ಓಡಾಡಿತು. 2009ರಲ್ಲಿ ಅವರೇ ಅದರ ಬಗ್ಗೆ ಮತ್ತೆ ಯೋಚಿಸಿ ಬರೆದರು. ಹತ್ತು ಲಕ್ಷ ಡಾಲರ್ ಖರ್ಚು ಮಾಡಿ ಹನ್ನೊಂದು ಲಕ್ಷದ ಬೆಲೆ ತರುವ ಪ್ರಾಜೆಕ್ಟ್ ಒಂದು, ಅಷ್ಟೇ ಖರ್ಚಿನಲ್ಲಿ ಐದು ಕೋಟಿಯ ಬೆಲೆ ತರುವುದು ಇನ್ನೊಂದು. ಬಿಗಿ ಹತೋಟಿ ಬೇಕಾಗುವುದು ಮೊದಲನೆಯದಕ್ಕೆ, ಎರಡನೆಯದಕ್ಕೆ ಅಷ್ಟೇನೂ ಬೇಡ ಅಂದರು. ತಾನೇ ಹೇಳಿದ ಜನಪ್ರಿಯ ಮಾತನ್ನು ತಾನೇ ಪರೀಕ್ಷೆಗೆ ಇಟ್ಟದ್ದು ನನಗೆ ಬಹಳ ಇಷ್ಟ. ಆದರೂ ಟೆಸ್ಟಿಂಗ್ ಟೀಮಿಗೆ ಒಂದಷ್ಟು ಅಳತೆ ಬೇಕೇ ಬೇಕು ಅನ್ನುತ್ತೇನೆ. ಖರ್ಚು ಕಡಿಮೆ ಮಾಡಬೇಕು ಅಂದಾಗ ಟೆಸ್ಟರ್‌ಗಳ ಕಡೆ ಬೇಗ ಕಣ್ಣು ಬೀಳುತ್ತದೆ, ಆಗ ನಾವು ಮಾಡಿದ್ದು ಇದು ಅಂತ ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಸರಿ, ಎಲ್ಲಿಂದ ಶುರು ಮಾಡುವುದು? ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಕ್ಟರ್ ಬಸಿಲಿ ಮತ್ತು ಜೊತೆಗಾರರು ನಾಸಾದ ಗೊಡ್ಡಾರ್ಡ್ ಕೇಂದ್ರದ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತಾ ಒಂದು ದಾರಿ ಕಂಡುಕೊಂಡರು. ಮೊದಲು ಗುರಿ, ಆಮೇಲೆ ಪ್ರಶ್ನೆ, ಕೊನೆಗೆ ಸಂಖ್ಯೆ. ನಾವು ಸಾಮಾನ್ಯವಾಗಿ ಮಾಡುವುದು ಉಲ್ಟಾ. ಟೂಲ್‌ನಲ್ಲಿ ಯಾವ ಗ್ರಾಫ್ ಸಿಗುತ್ತದೋ ಅದನ್ನು ತೆಗೆದು ಗುರಿ ಅನ್ನುತ್ತೇವೆ.

ಯುಪಿಐ ಮೂಲಕ ಹಣ ಕಳಿಸುವ ಒಂದು ಆಪ್ ತೆಗೆದುಕೊಳ್ಳೋಣ. ಒಬ್ಬರು ಬಸ್ಸಿನಲ್ಲಿ ಕೂತು ಹಣ ಕಳಿಸುತ್ತಿದ್ದಾರೆ. ನೆಟ್‌ವರ್ಕ್ ಒಮ್ಮೆ ಇದೆ, ಒಮ್ಮೆ ಇಲ್ಲ. ಬಟನ್ ಒತ್ತಿದರು, ಚಕ್ರ ತಿರುಗುತ್ತಲೇ ಇದೆ. ಹೋಗಲಿಲ್ಲವೇನೋ ಅಂತ ಹಿಂದಕ್ಕೆ ಬಂದು ಇನ್ನೊಮ್ಮೆ ಕಳಿಸಿದರು. ಮೊದಲನೆಯದು ಸರ್ವರ್ ಮುಟ್ಟಿತ್ತು, ಉತ್ತರ ಮಾತ್ರ ವಾಪಸ್ ಬಂದಿರಲಿಲ್ಲ. ಇದು ಅದೇ ಪಾವತಿ ಅಂತ ಗುರುತಿಸಲು ಪ್ರತಿ ಪಾವತಿಗೂ ಒಂದು ಬೇರೆ ನಂಬರ್ ಅಂಟಿಸಿ, ಎರಡನೇ ಸಲವೂ ಅದೇ ನಂಬರ್ ಕಳಿಸಬೇಕು. ಆ ಕೋಡ್ ಸರಿಯಿಲ್ಲದಿದ್ದರೆ ಎರಡು ಸಲ ಹಣ ಕಡಿತ. ತಿಂಗಳ ಕೊನೆಯಲ್ಲಿ ಬಾಡಿಗೆಯ ದುಡ್ಡು ಎರಡು ಸಲ ಹೋದರೆ ಆ ಮನೆಯ ಗತಿ ಏನು, ಯೋಚಿಸಿ.

ಇಲ್ಲಿ ಗುರಿ: ಯಾರ ಹಣವೂ ಎರಡು ಸಲ ಕಡಿತ ಆಗಬಾರದು. ಈಗ ಪ್ರಶ್ನೆ ಕೇಳಿ. ಕಳೆದ ಆರು ತಿಂಗಳಲ್ಲಿ ಇಂಥ ದೂರು ಎಷ್ಟು ಬಂತು? ಆಪ್‌ನಲ್ಲಿ ಹಣ ಹೊರಗೆ ಹೋಗುವ ದಾರಿ ಎಷ್ಟಿವೆ? ಅವುಗಳಲ್ಲಿ ಎಷ್ಟನ್ನು ಅರ್ಧದಲ್ಲಿ ನೆಟ್‌ವರ್ಕ್ ಕತ್ತರಿಸಿ, ಎರಡು ಸಲ ಒತ್ತಿ, ನಡುವೆ ಫೋನ್ ಕರೆ ಬರಿಸಿ ನೋಡಿದ್ದೇವೆ? ಯಾರಾದರೂ ಆ ಕೋಡ್ ಮುಟ್ಟಿ ಕೆಡಿಸಿದರೆ ನಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಪ್ರತಿ ಪ್ರಶ್ನೆಗೂ ಉತ್ತರವಾಗಿ ಒಂದು ಸಂಖ್ಯೆ ತಾನಾಗಿ ಬರುತ್ತದೆ. ಆ ಸಂಖ್ಯೆ ಯಾಕೆ ಬೇಕು ಅನ್ನುವುದು ಟೀಮಿನಲ್ಲಿ ಹೊಸದಾಗಿ ಸೇರಿದವರಿಗೂ ಅರ್ಥವಾಗುತ್ತದೆ.

ನನ್ನ ಪ್ರಕಾರ ಟೆಸ್ಟಿಂಗ್ ಟೀಮ್ ಅಳೆಯಬೇಕಾದ್ದು ಮುಖ್ಯವಾಗಿ ಎರಡು. ನಮ್ಮನ್ನು ದಾಟಿ ಬಳಕೆದಾರರ ಕೈಗೆ ಹೋದ ತಪ್ಪುಗಳು ಎಷ್ಟು? ತಪ್ಪು ಹುಟ್ಟಿದ ಮೇಲೆ ಅದರ ಸುದ್ದಿ ಸರಿಯಾದವರಿಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು?

ಮೊದಲನೆಯದಕ್ಕೆ ಒಂದು ಹಳೆಯ ಲೆಕ್ಕ ಇದೆ, ಸಾಫ್ಟ್‌ವೇರ್ ಅಳತೆಯ ತಜ್ಞ ಕೇಪರ್ಸ್ ಜೋನ್ಸ್ ಬಹಳ ಬಳಸಿದ್ದು. ಉದಾಹರಣೆಗೆ, ರಿಲೀಸ್‌ಗೆ, ಅಂದರೆ ಬಳಕೆದಾರರ ಕೈಗೆ ಕೊಡುವುದಕ್ಕೆ, ಮೊದಲು 90 ಬಗ್ ಸಿಕ್ಕವು, ರಿಲೀಸ್ ಆದ ಮೇಲಿನ 90 ದಿನಗಳಲ್ಲಿ ಬಳಕೆದಾರರಿಗೆ ಇನ್ನೂ 10 ಸಿಕ್ಕವು. ಒಟ್ಟು ನೂರರಲ್ಲಿ 90 ನಮ್ಮ ಕೈಯಲ್ಲೇ ಸಿಕ್ಕಿದ್ದರಿಂದ ಶೇಕಡಾ 90. ಸರಳವಾಗಿದೆ. ಆದರೆ ಎರಡು ಕಡೆ ಎಚ್ಚರ ಬೇಕು. ಆ ಹತ್ತರಲ್ಲಿ ಒಂಬತ್ತು ಐಕಾನ್ ಸ್ವಲ್ಪ ಪಕ್ಕಕ್ಕೆ ಸರಿದಂಥವು, ಒಂದು ಮಾತ್ರ ಎರಡು ಸಲ ಹಣ ಕಡಿತದ್ದು ಅಂದರೆ, ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಗಂಭೀರವಾದವನ್ನು ಬೇರೆಯಾಗಿ ಎಣಿಸಿ. ಇನ್ನೊಂದು, ಯಾರೂ ಬಳಸದ ಫೀಚರ್‌ನಲ್ಲಿ ಯಾರಿಗೂ ಬಗ್ ಸಿಗುವುದಿಲ್ಲ, ಅಲ್ಲಿ ಈ ಲೆಕ್ಕ ಶೇಕಡಾ 100 ತೋರಿಸುತ್ತದೆ. ಬಳಕೆ ಎಷ್ಟಿದೆ ಅನ್ನುವುದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಇದನ್ನು ಓದಬೇಕು.

ಎರಡನೆಯದು, ಸುದ್ದಿ ಮುಟ್ಟುವ ಹೊತ್ತು. ಇದರ ಬೆಲೆ ಎಷ್ಟು ಅಂತ ತಿಳಿಯಲು ಅಮೆರಿಕದ ಷೇರು ವ್ಯಾಪಾರ ಕಂಪನಿ ನೈಟ್ ಕ್ಯಾಪಿಟಲ್‌ನ ಕಥೆ ಸಾಕು. 2012ರ ಆಗಸ್ಟ್ 1. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು, ಒಂದಕ್ಕೆ ಹೋಗಿರಲಿಲ್ಲ. ಆ ಒಂದರಲ್ಲಿ ವರ್ಷಗಳಿಂದ ಬಳಸದ ಹಳೆಯ ಕೋಡ್ ಎದ್ದು ಕೂತು ಒಂದೇ ಸಮನೆ ಷೇರು ಕೊಳ್ಳುತ್ತಾ ಮಾರುತ್ತಾ ಹೋಯಿತು. ಸುಮಾರು 45 ನಿಮಿಷ. ನಷ್ಟ 46 ಕೋಟಿ ಡಾಲರ್‌ಗೂ ಜಾಸ್ತಿ. ಮಾರುಕಟ್ಟೆ ತೆರೆಯುವ ಮೊದಲೇ ಅವರದೇ ಸಿಸ್ಟಮ್ 97 ಇಮೇಲ್ ಕಳಿಸಿತ್ತು, ಏನೋ ದೋಷವಿದೆ ಅಂತ. ಆ ಇಮೇಲ್‌ಗಳನ್ನು ಎಚ್ಚರಿಕೆ ಕೊಡಲು ಅಂತ ಮಾಡಿರಲೇ ಇಲ್ಲ, ಹಾಗಾಗಿ ಯಾರೂ ಅವುಗಳ ಮೇಲೆ ಏನೂ ಮಾಡಲಿಲ್ಲ. ದೋಷ ಕಂಡಿತ್ತು. ಸುದ್ದಿ ಮುಟ್ಟಲಿಲ್ಲ.

ನಮ್ಮ ಮಟ್ಟದಲ್ಲಿ ಇದು ಹೀಗಿರುತ್ತದೆ. ರಿಗ್ರೆಷನ್, ಅಂದರೆ ಹೊಸ ಕೋಡ್ ಹಳೆಯದನ್ನು ಕೆಡಿಸಿತಾ ಅಂತ ಮತ್ತೆ ಓಡಿಸುವ ಟೆಸ್ಟ್‌ಗಳು, ಮುಗಿಯಲು ಮೂರು ದಿನ ಹಿಡಿದರೆ, ಸೋಮವಾರ ಕೆಟ್ಟ ಕೋಡ್ ಬಗ್ಗೆ ಗುರುವಾರ ಗೊತ್ತಾಗುತ್ತದೆ, ಅಷ್ಟರಲ್ಲಿ ಅದರ ಮೇಲೆ ಇನ್ನೂ ನಾಲ್ಕು ಜನ ಕೋಡ್ ಬರೆದಿರುತ್ತಾರೆ, ಯಾರದ್ದು ಕೆಟ್ಟಿದೆ ಅಂತ ಹುಡುಕುವುದೇ ಒಂದು ಕೆಲಸ. ಮೂರು ದಿನವನ್ನು ಒಂದು ರಾತ್ರಿಗೆ ಇಳಿಸುವುದು ಒಳ್ಳೆಯ ಗುರಿ. ಅಳೆಯಬಹುದು, ಡೆವಲಪರ್‌ಗೂ ಲಾಭ ಕಾಣುತ್ತದೆ.

ಇದಕ್ಕೆ ಅಡ್ಡ ಬರುವುದು ಫ್ಲೇಕಿ ಟೆಸ್ಟ್‌ಗಳು. ಕೋಡ್ ಬದಲಾಗದೇ ಇದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್. ತಮ್ಮ ಟೆಸ್ಟ್‌ಗಳಲ್ಲಿ ಹೆಚ್ಚೂ ಕಡಿಮೆ ಶೇಕಡಾ 16ರಲ್ಲಿ ಈ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿದೆ ಎಂದು ಗೂಗಲ್ 2016ರಲ್ಲಿ ಬರೆದುಕೊಂಡಿತ್ತು. ಅಂಥ ಟೆಸ್ಟ್ ಬೆಳಗ್ಗೆ ಕೆಂಪು ತೋರಿಸಿದರೆ ಜನ ಏನು ಮಾಡುತ್ತಾರೆ ಗೊತ್ತಲ್ಲ, ಇನ್ನೊಮ್ಮೆ ಓಡಿಸುತ್ತಾರೆ. ಹಸಿರಾಯಿತು, ಮುಂದೆ. ಸ್ವಲ್ಪ ದಿನಕ್ಕೆ ನಿಜವಾದ ಕೆಂಪನ್ನೂ ಹಾಗೇ ದಾಟಿಸುತ್ತಾರೆ. ಅದಕ್ಕೇ ಹೊಸ ಟೆಸ್ಟ್ ಇಷ್ಟು ಬರೆಯುತ್ತೇವೆ ಅನ್ನುವುದಕ್ಕಿಂತ, ಇರುವ ಟೆಸ್ಟ್‌ಗಳಲ್ಲಿ ಸುಳ್ಳು ಹೇಳುವವನ್ನು ನೂರಕ್ಕೆ ಒಂದಕ್ಕಿಂತ ಕಡಿಮೆ ಮಾಡುತ್ತೇವೆ ಅನ್ನುವ ಗುರಿಗೆ ನನ್ನ ಓಟು.

ಕವರೇಜ್ ಬಗ್ಗೆ ಒಂದೇ ಮಾತು. ಟೆಸ್ಟ್ ಓಡಿದಾಗ ಕೋಡ್‌ನ ಎಷ್ಟು ಸಾಲು ಓಡಿತು ಅನ್ನುವುದನ್ನಷ್ಟೇ ಸಾಮಾನ್ಯವಾಗಿ ಅದು ಹೇಳುತ್ತದೆ. ಬಂದ ಉತ್ತರ ಸರಿಯಿತ್ತಾ ಅಂತ ಟೆಸ್ಟ್ ನೋಡದೇ ಇದ್ದರೂ ಕವರೇಜ್ 100 ಬರಬಹುದು. ಟೆಸ್ಟ್‌ಗೆ ಹಲ್ಲಿದೆಯಾ ಅಂತ ತಿಳಿಯಬೇಕಾದರೆ ಬೇಕಂತಲೇ ಕೋಡ್‌ನಲ್ಲಿ ಸಣ್ಣ ತಪ್ಪು ಹಾಕಿ, ಪ್ಲಸ್ ಇದ್ದಲ್ಲಿ ಮೈನಸ್ ಮಾಡಿ ನೋಡಿ. ಮ್ಯುಟೇಷನ್ ಟೆಸ್ಟಿಂಗ್ ಅನ್ನುತ್ತಾರೆ. ಟೆಸ್ಟ್ ಆಗಲೂ ಪಾಸ್ ಆದರೆ ಅದು ಇದ್ದೂ ಇಲ್ಲದ ಹಾಗೆ.

ಗುರಿ ಹಾಕುವ ರೀತಿ ಬಗ್ಗೆ ಸ್ವಲ್ಪ. ಸ್ಮಾರ್ಟ್ (SMART) ಗುರಿ ಅನ್ನುವ ಸೂತ್ರ ನೀವು ಟ್ರೈನಿಂಗ್‌ನಲ್ಲಿ ಕೇಳಿರುತ್ತೀರಿ: ಗುರಿ ನಿರ್ದಿಷ್ಟವಾಗಿರಬೇಕು, ಅಳೆಯುವಂತಿರಬೇಕು, ಯಾರ ಹೊಣೆ ಅಂತ ಇರಬೇಕು, ಸಾಧ್ಯವಾಗುವಂತಿರಬೇಕು, ಕಾಲಮಿತಿ ಇರಬೇಕು. ಅದನ್ನು 1981ರಲ್ಲಿ ಬರೆದವರು ಜಾರ್ಜ್ ಡೊರಾನ್. ಐದು ಅಕ್ಷರದ ಐದು ಲಕ್ಷಣವೂ ಪ್ರತಿಯೊಂದು ಗುರಿಯಲ್ಲೂ ಇರಲೇಬೇಕು ಅಂತೇನಿಲ್ಲ ಎಂದು ಅವರೇ ಅದೇ ಲೇಖನದಲ್ಲಿ ಹೇಳಿದ್ದರು. ಆ ಭಾಗ ಟ್ರೈನಿಂಗ್‌ನಲ್ಲಿ ಯಾಕೋ ಬರುವುದಿಲ್ಲ. ಟೆಸ್ಟಿಂಗ್‌ನಲ್ಲಿ ಇದು ಮುಖ್ಯ. ಅನುಭವ ಇರುವ ಟೆಸ್ಟರ್ ಒಬ್ಬರು ಮಧ್ಯಾಹ್ನ ಪೂರ್ತಿ ಆಪ್ ಹಿಡಿದು ಕೂತು, ಇದು ಹೀಗಾದರೆ ಏನಾಗುತ್ತದೆ ಅಂತ ಒಂದೊಂದೇ ಕೆದಕುತ್ತಾ ಹೋಗುತ್ತಾರಲ್ಲ, ಆ ಕೆಲಸಕ್ಕೆ ಸಂಖ್ಯೆ ಹಚ್ಚಬೇಡಿ. ವಾರಕ್ಕೆ ಇಷ್ಟು ಹೊತ್ತು ಅದಕ್ಕೆ ಮೀಸಲು ಅಂತ ಇಡಿ, ಕೊನೆಗೆ ಏನು ಕಂಡಿತು ಅಂತ ಕೂತು ಕೇಳಿ, ಸಾಕು.

ಇನ್ನು, ಮೊದಲ ಮೂರು ತಿಂಗಳು ಯಾವ ಟಾರ್ಗೆಟ್ಟೂ ಬೇಡ. ಸುಮ್ನೆ ಅಳೆಯಿರಿ. ಇವತ್ತು ಎಲ್ಲಿದ್ದೇವೆ ಅಂತ ಗೊತ್ತಿಲ್ಲದೆ ಶೇಕಡಾ 30 ಕಡಿಮೆ ಮಾಡುತ್ತೇವೆ ಅಂದರೆ ಆ 30 ಗಾಳಿಯಿಂದ ಬಂದದ್ದು. ಎರಡು ಮೂರು ಸಂಖ್ಯೆಗಿಂತ ಜಾಸ್ತಿ ಇಡಬೇಡಿ. ಒಂದನ್ನು ಒಂದು ಹಿಡಿದಿಡುವ ಹಾಗೆ ಜೋಡಿ ಮಾಡಿ: ರಿಗ್ರೆಷನ್ ಬೇಗ ಮುಗಿಯಬೇಕು, ಆದರೆ ದಾಟಿ ಹೋಗುವ ಗಂಭೀರ ಬಗ್ ಏರಬಾರದು. ಜೋಡಿ ಇಲ್ಲದಿದ್ದರೆ ಅರ್ಧ ಟೆಸ್ಟ್ ಕಿತ್ತು ಹಾಕಿ ಬೇಗ ಮುಗಿಸಬಹುದಲ್ವಾ?

ಇವನ್ನು ಒಬ್ಬೊಬ್ಬರ ಅಪ್ರೈಸಲ್‌ಗೆ ಯಾವ ಕಾರಣಕ್ಕೂ ಕಟ್ಟಬೇಡಿ. ಗುರಿ ಟೀಮಿನದು. ಅದರಲ್ಲೂ ದಾಟಿ ಹೋದ ಬಗ್‌ಗಳ ಗುರಿಯಲ್ಲಿ ಡೆವಲಪರ್‌ಗಳ ಹೆಸರೂ ಇರಲೇಬೇಕು. ತಪ್ಪು ಬರೆದವರನ್ನು ಬಿಟ್ಟು ಹಿಡಿಯದವರನ್ನು ಮಾತ್ರ ಕೇಳುವುದು ಅನ್ಯಾಯ. ಅದನ್ನು ಸಹಿಸಿಕೊಂಡು ವರ್ಷಗಟ್ಟಲೆ ಕೆಲಸ ಮಾಡುವ ಟೆಸ್ಟರ್‌ಗಳನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಈ ವಾರ ಏನಾದರೂ ಮಾಡಬೇಕು ಅನ್ನಿಸಿದರೆ ಹೀಗೆ ಮಾಡಿ. ಕಳೆದ ಆರು ತಿಂಗಳಲ್ಲಿ ಗ್ರಾಹಕರಿಂದ ಬಂದ ಟಿಕೆಟ್, ಅಂದರೆ ದಾಖಲಾದ ದೂರು, ತೆರೆಯಿರಿ. ಒಬ್ಬ ಟೆಸ್ಟರ್, ಒಬ್ಬ ಡೆವಲಪರ್, ಗ್ರಾಹಕರ ಕರೆ ತೆಗೆದುಕೊಳ್ಳುವವರು ಒಬ್ಬರು, ಮೂವರೂ ಜೊತೆಗೆ ಕೂತು ಒಂದೊಂದಕ್ಕೂ ಕೇಳಿ, ಇದು ಎಲ್ಲಿ ಸಿಗಬೇಕಿತ್ತು, ಯಾಕೆ ಸಿಗಲಿಲ್ಲ? ಉತ್ತರಗಳು ನಾಲ್ಕೈದು ಗುಂಪಾಗಿ ಬೀಳುತ್ತವೆ. ದೊಡ್ಡ ಗುಂಪು ಹಳೆಯ ಆಂಡ್ರಾಯ್ಡ್ ಫೋನ್‌ಗಳದ್ದು, 12 ಟಿಕೆಟ್ ಅಂದುಕೊಳ್ಳಿ. ಮುಂದಿನ ಆರು ತಿಂಗಳಲ್ಲಿ ಅಂಥವು ನಾಲ್ಕಕ್ಕೆ ಇಳಿಯಬೇಕು, ಜವಾಬ್ದಾರಿ ಎರಡೂ ಟೀಮಿನದು, ಟೆಸ್ಟ್ ಮಾಡಲು ಮೂರು ಹಳೆಯ ಫೋನ್ ಕೊಡಿಸುವುದು ಮ್ಯಾನೇಜರ್ ಕೆಲಸ ಅಂತ ಬರೆದು, ಮೂರೂ ಕಡೆಯವರ ಒಪ್ಪಿಗೆ ತೆಗೆದುಕೊಳ್ಳಿ. ಫೋನ್ ಬರುವ ತನಕ ಮ್ಯಾನೇಜರ್‌ಗೆ ನೆನಪಿಸುತ್ತಲೇ ಇರಿ.

ನಮಸ್ಕಾರ.