ಹಗ್ಗಕ್ಕಿಂತ ಮೊದಲು ಕಾಟಾ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕಾರ್ಯದರ್ಶಿಗಳು ನನ್ನನ್ನು ಪರಿಚಯಿಸುವಾಗ ‘ವಾಹನ ತಜ್ಞರು’ ಎಂದರು. ನಾನು ಭೋಸರಿಯಲ್ಲಿ ಮೂವತ್ತು ವರ್ಷಗಳಿಂದ ಟೆಂಪೊಗಳಿಗೆ ಬಾಡಿ ಕಟ್ಟುವವನು. ತಜ್ಞರ ಬಿಲ್ಲನ್ನು ಜನ ತುಟಿ ಬಿಚ್ಚದೆ ಪಾವತಿಸುತ್ತಾರೆ, ನನ್ನ ಬಿಲ್ಲಿಗೆ ಇವತ್ತಿನವರೆಗೂ ಚೌಕಾಸಿ ತಪ್ಪಿಲ್ಲ. ಹಾಗಾಗಿ ಆ ಬಿರುದನ್ನು ಇಲ್ಲಿಯೇ ಬಿಟ್ಟು ಹೋಗುತ್ತೇನೆ.

ಪಿಕಪ್ ಗಾಡಿಯ ಬೆನ್ನಿನ ಮೇಲೆ ಕೂರಿಸುವ ಮನೆ, ಅಂದರೆ ಕ್ಯಾಂಪರ್, ಅದರ ಸಾಗಾಟದ ಬಗ್ಗೆ ಮಾತನಾಡಿ ಎಂದಿದ್ದಾರೆ. ಮಲಗಲು ಹಾಸಿಗೆ, ಒಂದು ಒಲೆ, ನೀರಿನ ಟ್ಯಾಂಕ್, ಎಲ್ಲವೂ ಒಂದು ಪೆಟ್ಟಿಗೆಯೊಳಗೆ. ಅಮೆರಿಕದಲ್ಲಿ ಇದು ಹಳೆಯ ಹವ್ಯಾಸ, ನಮ್ಮಲ್ಲಿ ಈಗೀಗ ಶುರುವಾಗಿದೆ. ಅಲ್ಲಿ ಪಿಕಪ್ಪಿನ ಹಿಂದೆ ಸಾಮಾನು ಹೇರುವ ತೊಟ್ಟಿ ಐದೂವರೆ ಅಡಿ, ಆರೂವರೆ ಅಡಿ, ಎಂಟು ಅಡಿ ಹೀಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತದೆ, ಮನೆಯನ್ನೂ ಆ ಅಳತೆ ನೋಡಿಯೇ ಕಟ್ಟುತ್ತಾರೆ. ನಮ್ಮಲ್ಲಿ ಐದು ಜನ ಕೂರುವ ಡಬಲ್ ಕ್ಯಾಬ್ ಗಾಡಿಗಳ ತೊಟ್ಟಿ ಸುಮಾರು ಐದು ಅಡಿ. ಎಂಟು ಅಡಿಯ ಮನೆಯನ್ನು ಅದರ ಮೇಲೆ ಇಡಲು ಹೊರಟಾಗಲೇ ನನ್ನ ಫೋನ್ ರಿಂಗಣಿಸುತ್ತದೆ.

ಫೋನಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ‘ಹೇಗೆ ಕಟ್ಟಬೇಕು?’ ಎಲ್ಲಿ ಕೂರಿಸಬೇಕು ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಹಗ್ಗ ಭಾರವನ್ನು ಹಿಡಿದುಕೊಳ್ಳುತ್ತದೆ, ಆದರೆ ಭಾರ ಇರುವ ಜಾಗವನ್ನು ಬದಲಿಸುವುದಿಲ್ಲ. ಈ ಮಾತನ್ನು ಇವತ್ತು ನಾಲ್ಕೈದು ಸಲ ಹೇಳಲಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು ಬಹಳ ಜನ ಇದ್ದೀರಿ. ಚಕ್ಕಡಿಗೆ ಕಣಿಕೆ ಹೇರುವುದನ್ನು ನೋಡಿದವರು ಕೈ ಎತ್ತಿ. ನೋಡಿ, ಅರ್ಧ ಸಭೆ! ಹಿಂದೆ ಹೆಚ್ಚು ಹೇರಿದರೆ ಏನಾಗುತ್ತಿತ್ತು? ಮೂಕಿ ಮೇಲೇಳುತ್ತಿತ್ತು, ಅದರೊಂದಿಗೆ ನೊಗವೂ ಎದ್ದು ಎತ್ತಿನ ಕೊರಳ ಪಟ್ಟಿ ಬಿಗಿಯುತ್ತಿತ್ತು. ನಮ್ಮ ಅಪ್ಪ ಹೇರುವ ನಡುನಡುವೆ ಮುಂದೆ ಬಂದು ಮೂಕಿಯನ್ನು ಒಂದು ಕೈಯಿಂದ ಎತ್ತಿ ನೋಡುತ್ತಿದ್ದರು. ಹಗುರವಾಗಿ ಎದ್ದರೆ ‘ಹಿಂಭಾರ ಆಯಿತು, ನಾಲ್ಕು ಸೂಡು ಮುಂದಕ್ಕೆ ಹಾಕು’ ಎನ್ನುತ್ತಿದ್ದರು. ಅವರು ಶಾಲೆಯ ಮುಖ ಕಂಡವರಲ್ಲ. ಅಮೆರಿಕದ ಕಾನೂನಿನಲ್ಲಿಯೂ ಇದೇ ವಿಷಯ ಇದೆ: ಕ್ಯಾಂಪರಿನ ಗುರುತ್ವ ಕೇಂದ್ರ, ಅಂದರೆ ಭಾರವೆಲ್ಲ ನಿಂತಿರುವ ಬಿಂದು, ಎಲ್ಲಿದೆ ಎಂದು ಅದರ ತಯಾರಕ ತಿಳಿಸಬೇಕು, ಅದು ತೊಟ್ಟಿಯ ಯಾವ ಭಾಗದೊಳಗೆ ಬರಬೇಕು ಎಂದು ಪಿಕಪ್ ಗಾಡಿಯನ್ನು ತಯಾರಿಸಿದವನು ತಿಳಿಸಬೇಕು. ಸಾಮಾನ್ಯವಾಗಿ ಅದು ಹಿಂದಿನ ಚಕ್ರಗಳ ಅಚ್ಚಿಗಿಂತ ಸ್ವಲ್ಪ ಮುಂದಿರಬೇಕು.

ಈಗ ನಮ್ಮ ಹೋಟೆಲ್ ಅಣ್ಣನ ಕಥೆ. ಕುಂದಾಪುರದವರು, ಚಿಂಚವಡದಲ್ಲಿ ಹೋಟೆಲು. ಸಭೆಯಲ್ಲಿಯೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ, ನಗುವವರನ್ನು ನೋಡಿ ನೀವೇ ಪತ್ತೆ ಹಚ್ಚಿ. ಎಂಟು ಅಡಿ ತೊಟ್ಟಿಯ ಸಿಂಗಲ್ ಕ್ಯಾಬ್ ಗಾಡಿಗಾಗಿ ಯಾರೋ ಕಟ್ಟಿಸಿದ್ದ ಕ್ಯಾಂಪರು ಅಗ್ಗಕ್ಕೆ ಸಿಕ್ಕಿತೆಂದು ಇವರು ಕೊಂಡರು. ಇವರ ಬಳಿ ಇದ್ದದ್ದು ಡಬಲ್ ಕ್ಯಾಬ್. ಚೋರ್ಲಾ ಘಾಟಿನಲ್ಲಿ ಇಳಿದು ಗೋವಾದ ಕಾಣಕೋಣಕ್ಕೆ ಒಯ್ಯಬೇಕು ಎಂದು ಒಂದು ಸಂಜೆ ಮೇಲೆ ಹೇರಿಸಿಕೊಂಡು, ನೈಲಾನ್ ಹಗ್ಗವನ್ನು ಹನ್ನೊಂದು ಸುತ್ತು ಸುತ್ತಿಸಿ, ನನ್ನ ಶೆಡ್ಡಿಗೆ ಬಂದರು. ‘ಅಣ್ಣ, ಕಟ್ಟಿದ್ದು ಗಟ್ಟಿ ಇದೆಯೋ ನೋಡಿ ಮಾರಾಯರೆ.’

ನಾನು ಹಗ್ಗ ನೋಡಲಿಲ್ಲ, ಚಕ್ರ ನೋಡಿದೆ. ಹಿಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು, ಮುಂದೆ ಒಂದು ಗೇಣಿಗಿಂತ ಹೆಚ್ಚು. ಹೆಡ್‌ಲೈಟ್ ಹಾಕಿಸಿದೆ. ಬೆಳಕು ರಸ್ತೆಯನ್ನು ಬಿಟ್ಟು ಎದುರಿನ ಕಟ್ಟಡದ ಮೂರನೇ ಮಹಡಿಗೆ ಹೋಯಿತು. ಅಲ್ಲಿ ಬಟ್ಟೆ ಒಣಗಿಸುತ್ತಿದ್ದ ಅಜ್ಜಿ ಮರಾಠಿಯಲ್ಲಿ ಏನೆಂದರು ಎಂಬುದನ್ನು ಈ ವೇದಿಕೆಯಲ್ಲಿ ಅನುವಾದಿಸಲಾರೆ.

ಕ್ಯಾಂಪರನ್ನು ಇಳಿಸಿದೆವು. ಹೋಟೆಲಿನಿಂದ ಅಕ್ಕಿ ಮೂಟೆ ತೂಗುವ ಕಾಟಾ ತರಿಸಿದೆ, ಪಕ್ಕದ ಗುಜರಿ ಅಂಗಡಿಯಿಂದ ಇನ್ನೊಂದು. ಒಂದನ್ನು ಮುಂದಿನ ಅಂಚಿನ ಕೆಳಗೆ, ಇನ್ನೊಂದನ್ನು ಹಿಂದಿನ ಅಂಚಿನ ಕೆಳಗೆ ಇಟ್ಟು, ರಸಮಟ್ಟ ಹಿಡಿದು ಮಟ್ಟ ಮಾಡಿದೆವು. ಮುಂದೆ 290 ಕಿಲೋ, ಹಿಂದೆ 230 ಕಿಲೋ, ಒಟ್ಟು 520. ಎರಡು ಅಂಚುಗಳ ನಡುವೆ 240 ಸೆಂಟಿಮೀಟರ್. 230ನ್ನು 240ರಿಂದ ಗುಣಿಸಿ 520ರಿಂದ ಭಾಗಿಸಿ: 106. ಅಂದರೆ ಈ ಮನೆಯ ಭಾರವೆಲ್ಲ ಮುಂದಿನ ಅಂಚಿನಿಂದ 106 ಸೆಂಟಿಮೀಟರ್ ಹಿಂದೆ ನಿಂತಿದೆ. ಮೊದಲಿನ ಉದ್ದ ತೊಟ್ಟಿಯ ಗಾಡಿಯಲ್ಲಿ ಅಚ್ಚು ಇನ್ನೂ ಹಿಂದಿತ್ತು, ಭಾರ ಅದಕ್ಕಿಂತ ಮುಂದೆ ಬೀಳುತ್ತಿತ್ತು. ಕಟ್ಟಿದವನದು ಏನೂ ತಪ್ಪಿಲ್ಲ.

ಅಣ್ಣನ ಗಾಡಿಯಲ್ಲಿ ತೊಟ್ಟಿಯ ಮುಂಗೋಡೆಯಿಂದ ಹಿಂದಿನ ಅಚ್ಚಿಗೆ 40 ಸೆಂಟಿಮೀಟರ್ ಮಾತ್ರ. ಹಾಗಾದರೆ ಭಾರ ಅಚ್ಚಿನಿಂದ 66 ಸೆಂಟಿಮೀಟರ್ ಹಿಂದೆ. ಎರಡು ಅಚ್ಚುಗಳ ನಡುವಿನ ಅಂತರ 310. 520 ಗುಣಿಸು 66, ಭಾಗಿಸು 310: ಮುಂದಿನ ಚಕ್ರಗಳ ಮೇಲಿಂದ 111 ಕಿಲೋ ಎದ್ದುಹೋಯಿತು, ಹಿಂದಿನವುಗಳ ಮೇಲೆ 631 ಕಿಲೋ ಬಿತ್ತು. ಇಟ್ಟದ್ದು 520, ಬಿದ್ದದ್ದು 631! ಇದನ್ನು ಹೇಳಿದಾಗ ಅಣ್ಣ ಕೇಳಿದರು: ‘ಈ 111 ಕಿಲೋ ಯಾರಪ್ಪನ ಮನೆಯದು?’ ನಿಮ್ಮ ಎಂಜಿನ್ನಿನದೇ, ಎಂದೆ. ಸ್ಟೀರಿಂಗ್ ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ಹೆಚ್ಚಿನ ಕೆಲಸವೂ ಅದರದೇ. ಅವುಗಳ ಹಿಡಿತವನ್ನೇ ಕಡಿಮೆ ಮಾಡಿಕೊಂಡು ಘಾಟಿನ ತಿರುವಿಗೆ ಹೋಗುವುದೆಂದರೆ ಮೂಕಿ ಎದ್ದ ಚಕ್ಕಡಿಯನ್ನು ಇಳಿಜಾರಿಗೆ ಹೂಡಿದಂತೆ.

‘ಹಾಗಾದರೆ ಎರಡು ಪಾಟಾ ಹೆಚ್ಚು ಹಾಕಿಬಿಡಿ’ ಎಂದರು. ಪಾಟಾ ಎಂದರೆ ಚಕ್ರದ ಮೇಲಿನ ಸ್ಪ್ರಿಂಗಿನ ಉಕ್ಕಿನ ಪಟ್ಟಿ. ಎಲ್ಲರೂ ಕೊನೆಗೆ ಬರುವುದು ಇಲ್ಲಿಗೇ. ಹೆಚ್ಚುವರಿ ಪಾಟಾ ಹಾಕಿದರೆ ಗಾಡಿ ನೆಟ್ಟಗೆ ಕಾಣುತ್ತದೆ, ಅಜ್ಜಿಯ ಕಣ್ಣಿಗೆ ಬೆಳಕು ಬೀಳುವುದಿಲ್ಲ, ನಿಜ. ಆದರೆ ಪಾಟಾವೂ ಹಗ್ಗದಂತೆಯೇ, ಭಾರದ ಜಾಗವನ್ನು ಬದಲಿಸುವುದಿಲ್ಲ. ಆ 631 ಕಿಲೋ ಅಲ್ಲಿಯೇ ಕುಳಿತು ಪ್ರತಿ ಹೊಂಡದಲ್ಲಿ ಚಾಸಿಯನ್ನು, ಅಂದರೆ ಗಾಡಿಯ ಅಡಿಯ ಚೌಕಟ್ಟನ್ನು, ಜಗ್ಗುತ್ತದೆ. ಕ್ಯಾಬಿನ್ನಿನ ಹಿಂದೆ, ತೊಟ್ಟಿ ಶುರುವಾಗುವಲ್ಲಿ ಬಾಗಿದ ಚಾಸಿಗಳನ್ನು ನಾನು ನೆಟ್ಟಗೆ ಮಾಡಿದ್ದೇನೆ. ಅವು ಪೂರ್ತಿ ನೆಟ್ಟಗಾಗುವುದಿಲ್ಲ, ನಾನು ದುಡ್ಡನ್ನು ಮಾತ್ರ ಪೂರ್ತಿ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಲೆಕ್ಕ. ಗಾಡಿ ಎಷ್ಟು ಹೊರಬಲ್ಲದು ಎಂಬುದು ಒಟ್ಟು ಅನುಮತಿಸಿದ ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಸಿಗುತ್ತದೆ. ಆರ್‌ಸಿ ತೆಗೆದು ನೋಡಿ. ಐದು ಜನ ಕುಳಿತರೆ ಮೂರು ಕ್ವಿಂಟಾಲು ಅಲ್ಲಿಯೇ ಹೋಯಿತು. ಟ್ಯಾಂಕಿನಲ್ಲಿ 100 ಲೀಟರ್ ನೀರು ಎಂದರೆ 100 ಕಿಲೋ. ಹೆಂಡತಿ ಕಟ್ಟಿಕೊಟ್ಟ ಉಪ್ಪಿನಕಾಯಿ ಭರಣಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸಂಸಾರ ನಡೆಯಬೇಕಲ್ಲ.

ಚೀಟಿ ಬಂತು. ಹತ್ತು ನಿಮಿಷ ಎಂದು ಬರೆದಿದ್ದಾರೆ. ನಾನು ಏಳು ವಿಷಯ ಗುರುತು ಹಾಕಿಕೊಂಡು ಬಂದಿದ್ದೆ, ಇನ್ನೂ ಎರಡನೆಯದರಲ್ಲಿದ್ದೇನೆ. ಓಡುತ್ತೇನೆ.

ಗಿಡ್ಡ ಮನೆ, ಉದ್ದ ತೊಟ್ಟಿ ಆದರೆ ಅಷ್ಟು ಭಯವಿಲ್ಲ. ಭಾರ ಅಚ್ಚಿಗಿಂತ ಮುಂದೆಯೇ ಬೀಳುವಂತೆ ಕೂರಿಸಿ, ಮುಂದೆ ಉಳಿಯುವ ಸಂದಿಗೆ ಮರದ ಚೌಕಟ್ಟು ಮಾಡಿ ತುಂಬಿ. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಮನೆ ಕ್ಯಾಬಿನ್ನಿಗೆ ಗುದ್ದುತ್ತದೆ. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ತಗಡಿನ ಮೇಲೆ ಪ್ಲೈವುಡ್ ಜಾರುತ್ತದೆ. ಎತ್ತರ ಸಾಲದೆಂದು ಕೆಳಗೆ ಪೀಠ ಕಟ್ಟಿದರೆ ಅದನ್ನು ಬೋಲ್ಟ್ ಹಾಕಿ ಕೂರಿಸಿ, ಗಾಡಿ ಹೆಚ್ಚು ಓಲಾಡುತ್ತದೆ ಎಂಬುದನ್ನೂ ನೆನಪಿಡಿ. ಫಾಳಕಾ ಎಂದು ಇಲ್ಲಿಯವರು ಕರೆಯುವ ಹಿಂಬಾಗಿಲನ್ನು ತೆರೆದು, ಅದರ ಮೇಲೆ ಮನೆಯ ಭಾರ ಬಿಡಬೇಡಿ. ಅದನ್ನು ಎರಡು ತಂತಿಗಳು ಹಿಡಿದಿವೆ, ಅಷ್ಟೇ.

ಕಟ್ಟುವ ವಿಷಯ. ಕೊನೆಗೂ ಬಂತು, ನೋಡಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಅದು ಬೇಡ. ಹಿಡಿ ಆಡಿಸಿ ಬಿಗಿಯುವ ರಾಚೆಟ್ ಬೆಲ್ಟ್ ಅಥವಾ ತಿರುಗಿಸಿ ಬಿಗಿಯುವ ಟರ್ನ್‌ಬಕಲ್ ಬಳಸಿ, ಕೊಂಡಿಯನ್ನು ತೊಟ್ಟಿಯ ತಗಡಿಗೆ ಹಾಕದೆ ಚಾಸಿಗೆ ಹಾಕಿ. ಅಮೆರಿಕದ ಲಾರಿಗಳ ನಿಯಮದ ಪ್ರಕಾರ, ಹೇರಿದ ವಸ್ತು ಮುಂದಕ್ಕೆ ಜಾರದಂತೆ ಅದರ ತೂಕದ 0.8 ಪಾಲು, ಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧ ಪಾಲು ಬಲವನ್ನು ತಡೆಯಬೇಕು. ಅಣ್ಣನ ಮನೆಗಾದರೆ ಮುಂದಕ್ಕೆ 416 ಕಿಲೋ, ಪಕ್ಕಕ್ಕೆ 260. ಬೆಲ್ಟಿನ ಚೀಟಿಯಲ್ಲಿ ಎರಡು ಅಂಕಿ ಇದ್ದರೆ ಬೆಲ್ಟು ಹರಿದುಹೋಗುವ ತೂಕವನ್ನು ನಂಬಬೇಡಿ, ಕೆಲಸದ ತೂಕವನ್ನು (ವರ್ಕಿಂಗ್ ಲೋಡ್) ನೋಡಿ. ಹತ್ತಿಪ್ಪತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಗ್ಯಾಸ್ ಸಿಲಿಂಡರ್ ತೆಗೆಯಿರಿ, ನೀರು ಖಾಲಿ ಮಾಡಿ.

ಕಾನೂನು ಒಂದೇ ವಾಕ್ಯದಲ್ಲಿ: ನಮ್ಮ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮಿತಿ ಮೀರಿ ಹೊರಚಾಚಿದ ಸಾಮಾನಿಗೆ 20,000 ರೂಪಾಯಿ ದಂಡ. ಅಣ್ಣನ ಮನೆ ತೊಟ್ಟಿಯಿಂದ 90 ಸೆಂಟಿಮೀಟರ್ ಹೊರಗಿತ್ತು.

ಎರಡನೇ ಚೀಟಿ. ಸರಿ. ಕಥೆ ಮುಗಿಸಿಬಿಡುತ್ತೇನೆ. ಆ ಮನೆ ಕೊನೆಗೆ 14 ಅಡಿಯ ಟೆಂಪೊದಲ್ಲಿ ಕಾಣಕೋಣಕ್ಕೆ ಹೋಯಿತು. ಭಾಡಿಗೆ ಕೊಡುವಾಗ ಅಣ್ಣ ಮೂರು ಸಲ ಎಣಿಸಿದರು. ಡಬಲ್ ಕ್ಯಾಬ್ ಖಾಲಿಯಾಗಿ ಹಿಂದಿನಿಂದ ಹೋಯಿತು. ಈಗ ಅವರು ಅದೇ ಗಾಡಿಗೆ ಐದು ಅಡಿಯ ಮನೆ ಕಟ್ಟಿಕೊಡಿ ಎಂದು ಗಂಟು ಬಿದ್ದಿದ್ದಾರೆ. ಚೌಕಾಸಿ ಇನ್ನೂ ನಡೆಯುತ್ತಿದೆ. ಹೊರಗೆ ನನ್ನ ಪಿಕಪ್ ನಿಂತಿದೆ, ಟೇಪೂ ಇದೆ. ತಮ್ಮ ಗಾಡಿಯ ಅಚ್ಚು ಎಲ್ಲಿದೆ ಎಂದು ಅಳೆಯಬೇಕಾದವರು ಊಟಕ್ಕೆ ಮೊದಲು ಬನ್ನಿ, ಊಟವಾದ ಮೇಲೆ ನಾನು ಬಗ್ಗಲಾರೆ.